ಸಾಕಕ್ಕೋ, ಸಾರಿಗೋ?

ನಮ್ಮ ಆಲೂರು, ಸಕಲೇಶಪುರದ ಕಡೆ ಹ್ಯಾಟೆ ಕೇಳಿಕೊಂಡು ಬರುವವರಿಗೆ ಹೊತ್ತುಗೊತ್ತಿಲ್ಲ. ಮೊಟ್ಟೆಗೆ ಬರುವ ವಯಸ್ಸಿನ ಹ್ಯಾಟೆಯೊಂದು ಅಂಗಳದಲ್ಲಿ ಓಡಾಡುತ್ತಿದ್ದರೆ ಸಾಕು, ಮೆಣಸು ಕುಯ್ಯಲು ಬಂದವರು, ಕರೆಂಟಿನ ಮೀಟರ್ ನೋಡಲು ಬಂದವರು, ಮದುವೆ ಕರೆಯಲು ಬಂದ ನೆಂಟರು, ಎಲ್ಲರೂ ಅದರ ಮೇಲೊಂದು ಕಣ್ಣಿಟ್ಟುಕೊಂಡೇ ಮಾತು ಮುಗಿಸುತ್ತಾರೆ. ಹುಂಜವನ್ನು ಮಾತ್ರ ಯಾರೂ ಕೇಳುವುದಿಲ್ಲ. ಕೇಳಿದರೆ ಆ ದನಿಯಲ್ಲೇ ಶುಂಠಿ, ಬೆಳ್ಳುಳ್ಳಿಯ ವಾಸನೆ ಬರುತ್ತದೆ.

ಮೊಟ್ಟೆಯೊಳಗಿನ ಲೆಕ್ಕಾಚಾರಕ್ಕೆ ಈ ಬೇಡಿಕೆ ತಿಳಿಯದು. 21 ದಿನ ಕಾವಿಗೆ ಕೂತ ಕೋಳಿ ಎದ್ದು ಬಂದಾಗ ಹಿಂದೆ ಬರುವ ಮರಿಗಳಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಹುಂಜಗಳೇ. ಅತ್ತೆ ಇದನ್ನು ಒಪ್ಪುವುದಿಲ್ಲ. ಚೂಪು ತುದಿಯ ಮೊಟ್ಟೆಯಲ್ಲಿ ಹುಂಜ, ಗುಂಡನೆಯದರಲ್ಲಿ ಹ್ಯಾಟೆ ಎಂಬುದು ಅವರ ಸಿದ್ಧಾಂತ. ಆದ್ದರಿಂದ ಗುಂಡನೆಯವನ್ನೇ ಆರಿಸಿ, ಬೆಸಸಂಖ್ಯೆಯಲ್ಲಿ ಎಣಿಸಿ, ಮಂಕರಿಗೆ ಹುಲ್ಲು ಹಾಸಿ ಇಡುತ್ತಾರೆ. ಗ್ರೀಸಿನ ಅರಿಸ್ಟಾಟಲ್ ಎರಡು ಸಾವಿರ ವರ್ಷಗಳಿಗೂ ಹಿಂದೆ ಇದನ್ನು ತಿರುವುಮುರುವು ಮಾಡಿ, ಚೂಪಾದುದರಲ್ಲಿ ಹೆಣ್ಣು ಎಂದು ಬರೆದಿಟ್ಟಿದ್ದಾನೆ. ಹೇಳಿ ನೋಡಿದೆ. “ಅವನ ಮನೇಲಿ ಕೋಳಿ ಯಾರು ನೋಡ್ಕಂತಿದ್ರು?” ಎಂದು ಕೇಳಿದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಮೊಟ್ಟೆಯ ಆಕಾರಕ್ಕೂ ಮರಿಯ ಲಿಂಗಕ್ಕೂ ಸಂಬಂಧವೇ ಇಲ್ಲ, ಮನುಷ್ಯರಲ್ಲಿ ಅಪ್ಪನ ಕಡೆಯಿಂದ ತೀರ್ಮಾನವಾಗುವುದು ಕೋಳಿಗಳಲ್ಲಿ ತಾಯಿಯ ಕಡೆಯಿಂದ ಆಗುತ್ತದೆ ಎಂದದ್ದಕ್ಕೆ ಅವರಿಗೆ ಸಿಟ್ಟೇ ಬಂತು. “ಕೋಳೀಲೂ ಹೆಂಗಸ್ರ ಮೇಲೇ ಹಾಕಿ” ಎಂದು ಎದ್ದು ಹೋದರು.

ಹೀಗೆ ಪ್ರತಿ ಮಳೆಗಾಲ ಮುಗಿಯುವ ಹೊತ್ತಿಗೆ ಅಂಗಳದಲ್ಲಿ ಪಡ್ಡೆ ಹುಂಜಗಳ ಒಂದು ಪಟಾಲಮ್ಮು ಸಿದ್ಧ. ಕಾಳು ಹಾಕಿದರೆ ಅರ್ಧ ತಿನ್ನುತ್ತವೆ, ಇನ್ನರ್ಧದ ಹೊತ್ತಿಗೆ ಜಗಳ. ಮೊಟ್ಟೆ ಇಡುವ ಹೊಣೆಯಿಲ್ಲ, ಮರಿ ಸಾಕುವ ರಗಳೆಯಿಲ್ಲ. ಬೆಳಗಿನ ಜಾವ ಎದ್ದು ಊರಿಗೆಲ್ಲ ತಾನಿದ್ದೇನೆ ಎಂದು ಸಾರುವುದೊಂದೇ ಉದ್ಯೋಗ.

ಎಲ್ಲಕ್ಕಿಂತ ದೊಡ್ಡದನ್ನು ಸಾಗಹಾಕಿದರೆ ಗದ್ದಲ ತಗ್ಗೀತೆಂದು ನಮ್ಮ ಯಜಮಾನರ ಅಂದಾಜು. ಸಾಗಹಾಕಿದೆವು. ಮರುದಿನ ಎರಡನೆಯದು ಅದೇ ಹೊತ್ತಿಗೆ, ಅದಕ್ಕಿಂತ ಜೋರಾಗಿ ಕೂಗಿತು. ಜಪಾನಿನ ವಿಜ್ಞಾನಿಗಳು 2015ರಲ್ಲಿ ಇದನ್ನೇ ಪ್ರಯೋಗ ಮಾಡಿ ಪ್ರಕಟಿಸಿದ್ದಾರೆ. ಗುಂಪಿನಲ್ಲಿ ಮೊದಲು ಕೂಗುವ ಹಕ್ಕು ಹಿರಿಯ ಹುಂಜದ್ದು, ಉಳಿದವು ಅಂತಸ್ತಿನ ಪ್ರಕಾರ ಆಮೇಲೆ ಶುರುಮಾಡುತ್ತವೆ, ಹಿರಿಯದನ್ನು ತೆಗೆದರೆ ಎರಡನೆಯದು ಆ ಪಟ್ಟಕ್ಕೆ ಏರುತ್ತದೆ. ಗ್ರಾಮ ಪಂಚಾಯಿತಿ ಸದಸ್ಯರಾಗಿದ್ದವರಿಗೆ ಇದನ್ನು ತಿಳಿಯಲು ಜಪಾನಿನ ಸಹಾಯ ಬೇಕಿರಲಿಲ್ಲ.

ಇವನ್ನೆಲ್ಲ ಎಲ್ಲಿಗೆ ಕಳಿಸುವುದು? ಸಂತೆಗೇನೂ ಬರವಿಲ್ಲ. ಈ ಕಡೆ ಶುಕ್ರವಾರಸಂತೆ, ಕೊಡಗಿನ ಗಡಿ ದಾಟಿದರೆ ಶನಿವಾರಸಂತೆ, ಇನ್ನೂ ಮುಂದೆ ಸೋಮವಾರಪೇಟೆ. ಊರಿನ ಹೆಸರೇ ಕ್ಯಾಲೆಂಡರು. ಆದರೆ ಸಂತೆಯ ವ್ಯಾಪಾರಿ ಹುಂಜವನ್ನು ತಲೆಕೆಳಗಾಗಿ ಹಿಡಿದು, ಎದೆಯ ಮೂಳೆ ಒತ್ತಿ, “ಬರೀ ಪುಕ್ಕ ಕಣಕ್ಕ” ಎನ್ನುವಾಗ ಸಾಕಿದವರ ಕರುಳು ಚುರ್ ಎನ್ನುತ್ತದೆ. ಅದೂ ಶ್ರಾವಣದಲ್ಲಿ ಹೋದರೆ ಕೇಳುವವರೇ ಇಲ್ಲ. ಅರ್ಧ ಊರು ಮಾಂಸ ಬಿಟ್ಟಿರುವ ಆ ತಿಂಗಳು ಹುಂಜಗಳ ಪಾಲಿಗೆ ರಜಾಕಾಲ. ಯುಗಾದಿಯ ಮರುದಿನದ ವರ್ಷತೊಡಕಿಗೆ ಇದೇ ವ್ಯಾಪಾರಿ ಮನೆ ಬಾಗಿಲಿಗೇ ಬಂದು ‘ಅಕ್ಕಾವ್ರೇ’ ಎನ್ನುತ್ತಾನೆ. ಬೆಂಗಳೂರಿನ ತಂಗಿಗೆ ಕಳಿಸೋಣವೆಂದರೆ ಸರ್ಕಾರಿ ಬಸ್ಸಿನಲ್ಲಿ ಕೋಳಿಗೂ ಅರ್ಧ ಟಿಕೆಟ್. 2018ರಲ್ಲಿ ಚಿಕ್ಕಬಳ್ಳಾಪುರದ ಕಡೆ ಕಂಡಕ್ಟರೊಬ್ಬರು ಎರಡು ಕೋಳಿಗೆ ಟಿಕೆಟ್ ಹರಿದದ್ದು ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಟಿಕೆಟ್ ಪಡೆದ ಹುಂಜಕ್ಕೆ ಸೀಟು ಕೊಡಬೇಕೇ ಎಂಬ ಪ್ರಶ್ನೆ ಆಗ ನಮ್ಮ ಜಗಲಿಯಲ್ಲೂ ಚರ್ಚೆಗೆ ಬಂದು, ತೀರ್ಮಾನವಾಗದೆ ಉಳಿಯಿತು.

ಘಟ್ಟದ ಕೆಳಗಿನಿಂದ ಒಬ್ಬರು ಬಂದಿದ್ದರು. ಹುಂಜದ ಬಣ್ಣ ನೋಡಿದರು, ಕಾಲು ನೋಡಿದರು, ಕಣ್ಣು ನೋಡಿದರು. ಅಷ್ಟೊಂದು ನೋಡಿದ್ದು ಕಂಡೇ ಗೊತ್ತಾಯಿತು, ಇದು ಸಾರಿಗಲ್ಲ, ಕೋಳಿ ಅಂಕಕ್ಕೆ. ತುಳುನಾಡಿನಲ್ಲಿ ಹುಂಜದ ಬಣ್ಣಕ್ಕೂ ದಿನಕ್ಕೂ ಗೆಲುವು ಸೋಲು ಹೇಳಲು ಕುಕ್ಕುಟ ಪಂಚಾಂಗವೇ ಇದೆ. ಪ್ರಾಣಿಗಳನ್ನು ಕಾದಾಡಲು ಬಿಡುವುದು ಅಪರಾಧವೆಂದು 1960ರ ಕಾನೂನೂ ಇದೆ. ಕೊಡುವುದಿಲ್ಲ ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ, “ಇದು ಕಾದುವುದಿಲ್ಲ ಮಾರಾಯ್ರೆ, ತೂಕಡಿಸ್ತದೆ” ಎಂದು ಕೆಳಗಿಟ್ಟು ಹೋದರು. ಕಾನೂನು ಪಾಲಿಸುವ ಅವಕಾಶವೂ ತಪ್ಪಿತು, ಮನೆತನಕ್ಕೆ ಅವಮಾನವೂ ಆಯಿತು.

ನಿಜವಾದ ಆಸೆ ಹುಟ್ಟಿಸಿದ್ದು ಪಕ್ಕದ ತೋಟದ ಹೋಂಸ್ಟೇ. ಅಲ್ಲಿಯ ಮಾಲೀಕರಿಗೆ ಸಾರಿಗಲ್ಲದೆ, ಸಾಕುವುದಕ್ಕೂ ಅಲ್ಲದೆ, ಫೋಟೋಕ್ಕೆ ಹುಂಜ ಬೇಕಾಗಿತ್ತು. ಕೆಂಪು ಕುತ್ತಿಗೆ, ಹಸಿರು ಬಾಲದ ಒಂದನ್ನು ನಾವೇ ಕೊಟ್ಟು ಬಂದೆವು. ಶನಿವಾರ ರಾತ್ರಿ ಬೆಂಗಳೂರಿನಿಂದ ಮೌನ ಹುಡುಕಿಕೊಂಡು ಬಂದವರು ಹನ್ನೆರಡರವರೆಗೆ ಸ್ಪೀಕರ್ ಹಾಕಿ ಕುಣಿದು, ಆಮೇಲೆ ಮಲಗಿದ್ದಾರೆ. ಮೂರೂವರೆಗೆ ಹುಂಜ ತನ್ನ ಕೆಲಸ ಮಾಡಿದೆ. ಮುಂದಿನ ವಾರವೇ ಅದು ಜೀಪಿನಲ್ಲಿ ವಾಪಸ್. ಅತಿಥಿಗಳು ವಿಮರ್ಶೆಯಲ್ಲಿ ಸ್ಟಾರ್ ಕಡಿಮೆ ಮಾಡಿದ್ದಾರಂತೆ. ಫ್ರಾನ್ಸಿನಲ್ಲಿ ಮೋರಿಸ್ ಎಂಬ ಹುಂಜದ ಕೂಗಿನ ಮೇಲೆ ರಜೆಗೆ ಬಂದು ಹೋಗುವ ನೆರೆಯವರು ಕೋರ್ಟಿಗೆ ಹೋಗಿ, 2019ರಲ್ಲಿ ಹುಂಜವೇ ಗೆದ್ದಿತ್ತು. 2021ರಲ್ಲಿ ಹಳ್ಳಿಯ ಸದ್ದು, ವಾಸನೆಗಳನ್ನು ರಕ್ಷಿಸಲು ಅಲ್ಲಿ ಕಾನೂನೇ ಬಂತು. ಈ ಕಥೆಯನ್ನು ಮಾಲೀಕರಿಗೆ ವಿವರವಾಗಿ ಹೇಳಿದೆ. ಅವರು ಕೇಳುತ್ತಲೇ ಜೀಪು ತಿರುಗಿಸಿಕೊಂಡರು.

ಕೊನೆಗೆ ಊರಿನ ವಾಟ್ಸಾಪ್ ಗುಂಪಿಗೆ ಹಾಕಿದೆ. ಆ ಗುಂಪು ಹುಟ್ಟಿದ್ದು ಆನೆಗಳಿಗಾಗಿ. ಯಾವ ತೋಟದಲ್ಲಿ ಹಿಂಡಿದೆ, ಯಾವ ರಸ್ತೆಯಲ್ಲಿ ಒಂಟಿ ಸಲಗ ನಿಂತಿದೆ ಎಂಬುದು ತಿಳಿಯದೆ ಇಲ್ಲಿ ಮಕ್ಕಳು ಸ್ಕೂಲಿಗೆ ಹೋಗುವುದಿಲ್ಲ, ಆಳುಗಳು ಕೆಲಸಕ್ಕೆ ಬರುವುದಿಲ್ಲ. ‘ಸಲಗ ಕೆರೆ ಏರಿ ಮೇಲಿದೆ, ಯಾರೂ ಬರಬೇಡಿ’ ಎಂಬುದರ ಕೆಳಗೇ ನನ್ನ ‘ಒಳ್ಳೆಯ ಹುಂಜಗಳಿವೆ, ಬೇಕಾದವರು ಬನ್ನಿ’ ಬಿತ್ತು. ‘ಯಾವುದನ್ನ ನಂಬನ?’ ಎಂದು ಒಬ್ಬರು. ‘ಸಾಕಕ್ಕೋ, ಸಾರಿಗೋ?’ ಎಂದು ಇನ್ನೊಬ್ಬರು.

ಎರಡನೆಯ ಪ್ರಶ್ನೆಗೆ ನಮ್ಮ ಮನೆಯಲ್ಲಿ ಯಾರೂ ನೇರ ಉತ್ತರ ಕೊಡುವುದಿಲ್ಲ. ಕೋಳಿ ತಿನ್ನದವರಲ್ಲ ನಾವು. ಜಡಿಮಳೆಯ ಭಾನುವಾರ ಅಕ್ಕಿ ಕಡುಬಿನ ಜೊತೆ ನಾಟಿಕೋಳಿ ಸಾರಿಲ್ಲದಿದ್ದರೆ ಮಲೆನಾಡಿನಲ್ಲಿದ್ದು ಪ್ರಯೋಜನವೇನು? ಆದರೆ ಕೈಯಲ್ಲಿ ಕಾಳು ತಿಂದು ಬೆಳೆದದ್ದನ್ನು ಅತ್ತೆ ಕುಯ್ಯಲು ಬಿಡರು. ಬಾಯಿಬಿಟ್ಟು ಕೇಳಿದವರಿಗೆ “ಅದು ಕೆಂಚಮ್ಮಂಗೆ ಬಿಟ್ಟಿರದು” ಎಂದುಬಿಡುತ್ತಾರೆ. ಹರಿಹಳ್ಳಿಯ ಕೆಂಚಮ್ಮ ಈ ಸೀಮೆಗೆಲ್ಲ ದೊಡ್ಡವಳು. ಹಾಸನದಲ್ಲಿ ಹುಟ್ಟಿದ ರಾಜಾರಾಯರು 1938ರ ‘ಕಾಂತಾಪುರ’ದಲ್ಲಿ ಅವಳನ್ನು ಇಂಗ್ಲಿಷಿಗೂ ಕರೆದುಕೊಂಡು ಹೋದರು. ಅವಳ ಹೆಸರು ಹೇಳಿದ ಮೇಲೆ ಯಾರೂ ರೇಟು ಕೇಳುವುದಿಲ್ಲ. ಹಾಗೆ ನೋಡಿದರೆ ದೇವಸ್ಥಾನದ ಆವರಣದಲ್ಲಿ ಬಲಿ ಕೊಡಬಾರದೆಂದು 1959ರಿಂದಲೂ ಕಾನೂನಿದೆ. ಹೀಗಾಗಿ ಅತ್ತೆಯ ಹರಕೆ ಹುಂಜ ಎರಡೂ ಕಡೆಯಿಂದ ಕ್ಷೇಮ.

ಇದಕ್ಕೆಲ್ಲ ನಮ್ಮೂರು ಕಂಡುಕೊಂಡಿರುವ ಪರಿಹಾರ ಬದ್ಲಿ. ಕೋಳಿಯ ವಿಷಯದಲ್ಲಿ ಇಲ್ಲಿ ದುಡ್ಡಿಗಿಂತ ಕೊಟ್ಟು ತರುವುದೇ ಜಾಸ್ತಿ. ಹ್ಯಾಟೆಯನ್ನು ಪಾಲಿಗೆ ಕೊಡುತ್ತಾರೆ. ಸಾಕಿದವರು ಮರಿಯಲ್ಲಿ ಅರ್ಧ ಹಿಂದಿರುಗಿಸಬೇಕು. ಆ ಅರ್ಧದಲ್ಲಿ ಹುಂಜಗಳೇ ಏಕೆ ಹೆಚ್ಚಿರುತ್ತವೆ ಎಂಬುದನ್ನು ನಾನು ಬಿಡಿಸಿ ಹೇಳಬೇಕಿಲ್ಲ. ಹೆಬ್ಬಾಳದಲ್ಲಿ ತಯಾರಾದ ಗಿರಿರಾಜ ಸಾಕಿದವರು ಕಾವಿಗೆ ಕೋಳಿಯನ್ನೇ ಎರವಲು ಒಯ್ಯುತ್ತಾರೆ. ಗಿರಿರಾಜ ಮೊಟ್ಟೆ ಇಟ್ಟು ಎದ್ದು ಹೋಗುವ ಜಾತಿ, ಕಾವಿಗೆ ಕೂರುವ ತಾಳ್ಮೆ ಅದಕ್ಕಿಲ್ಲ. ಇದೇ ವ್ಯವಹಾರದ ಕೊನೆಯ ಮೆಟ್ಟಿಲು ಹುಂಜದ ಬದ್ಲಿ. ನಮ್ಮದನ್ನು ಅವರಿಗೆ ಕೊಡುವುದು, ಅವರದನ್ನು ನಾವು ತರುವುದು. ಅವರ ಹುಂಜಕ್ಕೆ ನಾವು ಕಾಳು ಹಾಕಿಲ್ಲ, ಅವರು ನಮ್ಮದಕ್ಕೆ ಹೆಸರಿಟ್ಟಿಲ್ಲ. ಆಮೇಲೆ ಯಾರ ಅಡುಗೆಮನೆಯಲ್ಲಿ ಏನಾಯಿತೆಂದು ಯಾರೂ ಕೇಳಬಾರದು.

ಮೇಲ್ಮನೆಯವರ ಜೊತೆ ಮಾತಾಯಿತು. ಆನೆ ಕೆರೆಯ ಆಚೆ ದಾಟಿದ ಸುದ್ದಿ ನೋಡಿಕೊಂಡು ಹುಂಜಗಳು ಮಂಕರಿಯಲ್ಲಿ ಕೈ ಬದಲಾದವು. ಅವರದು ತುಸು ಹಗುರ ಎಂದು ಅತ್ತೆ ಕೈಯಲ್ಲೇ ತೂಗಿ ಹೇಳಿದ್ದಕ್ಕೆ ಒಂದು ಸೇರು ಮೆಣಸು ಮೇಲೆ ಬಂತು. ಭಾನುವಾರ ಸಣ್ಣಗೆ ಮಳೆ ಹಿಡಿದಿತ್ತು. ಇನ್ನು ಹೇಳುವುದೇನಿದೆ, ಆ ಮೆಣಸೂ ಅದೇ ಸಾರಿಗೆ ಬಿತ್ತು.

ಸಂಜೆ ಮೇಲ್ಮನೆಯಾಕೆ ಕೊಡೆ ಮಡಚಿಕೊಂಡು ಜಗಲಿಗೆ ಬಂದರು. “ನಿಮ್ಮ ಹುಂಜ ಚೆನ್ನಾಗೈತೆ ಕಣಮ್ಮ. ಮೊಮ್ಮಗ ‘ಪುಟ್ಟಸ್ವಾಮಿ’ ಅಂತ ಹೆಸ್ರಿಟ್ಟವ್ನೆ. ಕುಯ್ಯಕ್ಕೆ ಬಿಡ್ತಾನೇ ಇಲ್ಲ. ಹಿತ್ಲಲ್ಲೇ ಇರ್ಲಿ ಬಿಡಿ ಅಂದೆ” ಎಂದು ನಕ್ಕು, ಅಂಗಳದ ಕಡೆ ಕಣ್ಣಾಡಿಸಿ, “ನಮ್ದೆಲ್ಲಿ?” ಎಂದರು.

ಜಗಲಿಯಲ್ಲಿ ಯಾರೂ ಉಸಿರೆತ್ತಲಿಲ್ಲ. ಅತ್ತೆ ಎಲೆಡಿಕೆ ಇನ್ನೊಂದು ದವಡೆಗೆ ಸರಿಸಿದರು. “ಏನ್ ಹೇಳನ ತಾಯಿ, ಬೆಳಿಗ್ಗೆ ಮುಂಗುಸಿ ಹಿಡ್ಕಂಡೋಯ್ತು.”

ಆಕೆ ಒಳಗಿನಿಂದ ಬರುತ್ತಿದ್ದ ಗಾಳಿಯನ್ನು ಒಮ್ಮೆ ಮೂಗಿಗೆಳೆದುಕೊಂಡರು. “ಮುಂಗುಸಿ ಕಡುಬೂ ಮಾಡ್ಕಂಡಿತ್ತಾ?” ಎಂದರು.