ಬಿಳಲು ಮೊದಲು, ಬೇರು ಆಮೇಲೆ: ಯುರೋಪಿನ ರಾಜವಂಶಾವಳಿಗಳನ್ನು ಕುರಿತ ಒಂದು ಮಹಾಪ್ರಬಂಧದ ಸಂಕ್ಷೇಪ

ನದೀಮೂಲ, ಋಷಿಮೂಲ ಕೇಳಬಾರದೆಂದು ನಮ್ಮ ಹಿರಿಯರು ಹೇಳಿಹೋದರು. ರಾಜಮೂಲದ ಮಾತು ಅವರು ಎತ್ತಲಿಲ್ಲವಾದ್ದರಿಂದ ಒಂದು ಶಾಸ್ತ್ರ ಹುಟ್ಟುವುದಕ್ಕೆ ಜಾಗ ಉಳಿಯಿತು. ಯುರೋಪಿನಲ್ಲಂತೂ ರಾಜಮೂಲ ಕೇಳುವುದು ಸಂಬಳದ ಕೆಲಸವೇ ಆಗಿತ್ತು. ಸಂಬಳ ಕೊಡುವವರು ಉತ್ತರವನ್ನು ಮೊದಲೇ ಹೇಳಿಬಿಡುತ್ತಿದ್ದರು. ವಿದ್ವಾಂಸರು ಪ್ರಶ್ನೆಯನ್ನು ಮಾತ್ರ ಹುಡುಕಿಕೊಂಡು ಬರಬೇಕಿತ್ತು.

ನಮ್ಮ ಪ್ರಮೇಯ ಹೀಗಿದೆ. ಸಾಮಾನ್ಯ ಜನರಲ್ಲಿ ಪೂರ್ವಜರು ಮೊದಲು ಹುಟ್ಟುತ್ತಾರೆ, ವಂಶಜರು ಆಮೇಲೆ. ಯುರೋಪಿನ ರಾಜಮನೆತನಗಳಲ್ಲಿ ವಂಶಜರು ಮೊದಲು ಹುಟ್ಟಿ, ಪಟ್ಟವೇರಿ, ಪುರಸೊತ್ತಾದಾಗ ಪೂರ್ವಜರನ್ನು ಹುಟ್ಟಿಸುತ್ತಾರೆ. ಅಲ್ಲಿಯ ವಂಶವೃಕ್ಷ ಆಲದ ಜಾತಿಯದು: ಮೇಲಿನ ಕೊಂಬೆಯಿಂದ ಬಿಳಲು ಇಳಿಬಿಟ್ಟು, ಅದು ನೆಲ ಮುಟ್ಟಿದ ಕಡೆ ‘ಇದೇ ನಮ್ಮ ಬೇರು’ ಎಂದು ಕಟ್ಟೆ ಕಟ್ಟಿಸುತ್ತಾರೆ. ಅಪ್ಪ ನೆಟ್ಟ ಆಲದ ಮರಕ್ಕೆ ಮಗ ನೇಣು ಹಾಕಿಕೊಳ್ಳುವುದು ನಮ್ಮ ಗಾದೆ. ಮಗ ನೆಟ್ಟ ಆಲಕ್ಕೆ ಮುತ್ತಾತಂದಿರನ್ನು ತೂಗುಹಾಕುವುದು ಅವರ ಸಂಪ್ರದಾಯ.

ಪ್ರಮಾಣಕ್ಕೆ ಒಂದನೆಯ ಮ್ಯಾಕ್ಸಿಮಿಲಿಯನ್ (1459–1519) ಸಾಕು. ಹ್ಯಾಬ್ಸ್‌ಬರ್ಗ್ ಮನೆತನದ ಈ ಚಕ್ರವರ್ತಿಯ ಹಿರಿಯರಿಗೆ ಹೆಸರು ಬಂದದ್ದು ಇಂದಿನ ಸ್ವಿಟ್ಜರ್ಲೆಂಡಿನ ಆರ್ಗೌ ಸೀಮೆಯ ಒಂದು ಸಾಧಾರಣ ಕೋಟೆಯಿಂದ. ಆದರೆ ಚಕ್ರವರ್ತಿಯಾದವನಿಗೆ ಆರ್ಗೌ ಸಾಲುತ್ತದೆಯೆ? ಯಾಕೋಬ್ ಮೆನ್ನೆಲ್ ಎಂಬ ಆಸ್ಥಾನ ವಿದ್ವಾಂಸ ಮಠ ಮಠ ತಿರುಗಿ, ದಾನಪತ್ರ, ಗೋರಿ, ಹಳೆಯ ಓಲೆಗಳನ್ನೆಲ್ಲ ಕೆದಕಿ, ವಂಶವನ್ನು ಟ್ರಾಯ್ ನಗರದ ಹೆಕ್ಟರನವರೆಗೆ ಒಯ್ದು ನಿಲ್ಲಿಸಿದ. ಯೋಹಾನೆಸ್ ಸ್ಟಾಬಿಯಸ್ ಎಂಬ ಇನ್ನೊಬ್ಬ ಅಷ್ಟಕ್ಕೆ ನಿಲ್ಲದೆ ನೇರವಾಗಿ ನೋಹನ ಬಾಗಿಲು ತಟ್ಟಿದ. ಅದು ಸರಿಯೇ ಎಂದು ವಿಯೆನ್ನಾ ವಿಶ್ವವಿದ್ಯಾಲಯದ ದೇವತಾಶಾಸ್ತ್ರ ವಿಭಾಗದ ಅಭಿಪ್ರಾಯ ಕೇಳಲಾಯಿತು. ಸ್ವಂತ ತಾತನ ವಿಷಯಕ್ಕೆ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದ ನಿದರ್ಶನ ಇತಿಹಾಸದಲ್ಲಿ ವಿರಳ. ಚಿತ್ರಕಾರ ಡ್ಯೂರರ್ ಮತ್ತು ಸಂಗಡಿಗರು ಮರದ ಅಚ್ಚಿಗೆಂದು ರಚಿಸಿದ, ಸುಮಾರು ಮೂರೂವರೆ ಮೀಟರ್ ಎತ್ತರದ ‘ವಿಜಯದ್ವಾರ’ದ ಚಿತ್ರದಲ್ಲಿ ಈ ವಂಶವೃಕ್ಷವನ್ನು ಇಂದಿಗೂ ನೋಡಬಹುದು, ಅದರ ಬುಡದಲ್ಲಿ ಟ್ರಾಯ್ ನಗರವೇ ಹೆಂಗಸಿನ ರೂಪದಲ್ಲಿ ಕೂತಿದೆ.

ಇನ್ಸ್‌ಬ್ರುಕ್‌ನ ಆಸ್ಥಾನ ಚರ್ಚಿನಲ್ಲಿ ಮ್ಯಾಕ್ಸಿಮಿಲಿಯನ್ನನ ಸ್ಮಾರಕದ ಸುತ್ತ ಆಳೆತ್ತರ ಮೀರಿದ 28 ಕಂಚಿನ ವಿಗ್ರಹಗಳು ನಿಂತಿವೆ. ಹೆಚ್ಚಿನವರು ಬಂಧುಬಳಗ. ನಡುವೆ ದಂತಕಥೆಯ ರಾಜ ಆರ್ಥರ್ ಕೂಡ ಕತ್ತಿ ಕಟ್ಟಿಕೊಂಡು, ಹುಟ್ಟಿಯೇ ತೀರಿದ್ದೇನೆ ಎಂಬ ಭಂಗಿಯಲ್ಲಿ ನಿಂತಿದ್ದಾನೆ. ಇವರೆಲ್ಲ ಕಾವಲು ಕಾಯುತ್ತಿರುವ ಸಮಾಧಿ ಮಾತ್ರ ಖಾಲಿ. ಚಕ್ರವರ್ತಿ ಮಲಗಿರುವುದು ವೀನರ್ ನೊಯ್‌ಷ್ಟಾಟ್ ಎಂಬ ಬೇರೆ ಊರಿನಲ್ಲಿ. ಪೂರ್ವಜರು ಹುಟ್ಟುವುದಕ್ಕೆ ವಂಶಜನನ್ನು ಅವಲಂಬಿಸಿರುತ್ತಾರೆ, ಆದರೆ ಆಮೇಲೆ ವಂಶಜ ಇಲ್ಲದೆಯೂ ಅವರು ನಿಲ್ಲಬಲ್ಲರು ಎಂಬ ಉಪಪ್ರಮೇಯಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷ್ಯ ಬೇಕಿಲ್ಲ, ಕಂಚಿನದು.

ಇಂಗ್ಲೆಂಡಿನ ವಿಷಯ ಎರಡು ಮಾತಿನಲ್ಲಿ ಮುಗಿಯುತ್ತದೆ. ವೆಸೆಕ್ಸಿನ ಅರಸರು ಮೊದಲು ವೋಡನ್ ದೇವರಿಂದ ಇಳಿದವರಾಗಿದ್ದರು. ಕ್ರೈಸ್ತರಾದ ಮೇಲೆ ದೇವರನ್ನು ಕೈಬಿಡುವ ಬದಲು ಅವನಿಗೇ ಒಬ್ಬ ಮುತ್ತಾತನನ್ನು ಹೊಂದಿಸಿದರು. ನೋಹನಿಗೆ ನಾವೆಯೊಳಗೇ ಇನ್ನೊಬ್ಬ ಮಗ ಹುಟ್ಟಿದನೆಂದು ಬರೆದುಕೊಂಡು, ಅವನ ಮೂಲಕ ಆದಮನನ್ನು ಮುಟ್ಟಿದರು. ಬೈಬಲ್ಲಿಗೆ ಗೊತ್ತಿಲ್ಲದ ಹೆರಿಗೆ ಅದು.

ಪೂರ್ವಪಕ್ಷಿಗಳು ಇಲ್ಲಿ ಆಕ್ಷೇಪ ಎತ್ತುತ್ತಾರೆ: ‘ಇದೆಲ್ಲ ಅಂಧಕಾರ ಯುಗದ ಮಾತು. ಆಮೇಲೆ ವಂಶಶಾಸ್ತ್ರಕ್ಕೆ ಗಣಿತ ಬಂತಲ್ಲ?’ ಬಂತು. ಪ್ರತಿ ಪೂರ್ವಜನಿಗೂ ಸಂಖ್ಯೆ ಕೊಡುವ ಪದ್ಧತಿ ಹಳೆಯದೇ. ಅದು ಈಗ ಹೆಚ್ಚಾಗಿ 1898ರಲ್ಲಿ ತನ್ನ ಕೋಷ್ಟಕಗಳ ಸಂಪುಟ ತಂದ ಷ್ಟೆಫಾನ್ ಕೆಕುಲೆಯ ಹೆಸರಿನಲ್ಲಿ ನಡೆಯುತ್ತದೆ. ನೀವು 1. ನಿಮ್ಮ ಅಪ್ಪ 2, ಅಮ್ಮ 3. ಯಾರ ಸಂಖ್ಯೆಯನ್ನು ದುಪ್ಪಟ್ಟು ಮಾಡಿದರೂ ಅವರ ಅಪ್ಪ, ಅದಕ್ಕೆ ಒಂದು ಕೂಡಿದರೆ ಅಮ್ಮ. ಕೆಕುಲೆಯ ತಂದೆ ಬೆಂಜೀನ್ ಅಣು ಉಂಗುರದಂತೆ ತನ್ನೊಳಗೇ ಮುಚ್ಚಿಕೊಂಡಿದೆಯೆಂದು ಕಂಡುಕೊಂಡ ರಸಾಯನಶಾಸ್ತ್ರಜ್ಞ. ಮಗ ರಾಜಮನೆತನಗಳ ಕೋಷ್ಟಕ ಹಾಕಲು ಕೂತಾಗ ಅವನಿಗೂ ಉಂಗುರಗಳೇ ಸಿಕ್ಕಿರಬೇಕು.

ಏಕೆ ಎಂಬುದನ್ನು ಅದೇ ಹ್ಯಾಬ್ಸ್‌ಬರ್ಗ್ ಮನೆತನದ, ಸ್ಪೇನಿನ ರಾಜ ಎರಡನೆಯ ಕಾರ್ಲೋಸ್ (1661–1700) ತೋರಿಸುತ್ತಾನೆ. ಅವನು 1, ಅಪ್ಪ ನಾಲ್ಕನೆಯ ಫಿಲಿಪ್ 2, ಅಮ್ಮ ಮರಿಯಾನಾ 3, ಅಪ್ಪನ ಅಪ್ಪ ಮೂರನೆಯ ಫಿಲಿಪ್ 4. ಇಲ್ಲಿಯವರೆಗೆ ಲೆಕ್ಕ ಸುಸೂತ್ರ. ಆದರೆ ಮರಿಯಾನಾ ತನ್ನ ಗಂಡನ ತಂಗಿಯ ಮಗಳು. ಆದ್ದರಿಂದ 7ನೇ ಸಂಖ್ಯೆಯ ಅಜ್ಜಿಯ ಅಪ್ಪನಾಗಿ ಅದೇ ಮೂರನೆಯ ಫಿಲಿಪ್ 14ನೇ ಮನೆಯಲ್ಲಿ ಮತ್ತೆ ಕೂತಿದ್ದಾನೆ. ಅವನ ಹೆಂಡತಿ 5ರಲ್ಲೂ ಇದ್ದಾಳೆ, 15ರಲ್ಲೂ ಇದ್ದಾಳೆ. ಸ್ಟೈರಿಯಾದ ಆರ್ಚ್‌ಡ್ಯೂಕ್ ಚಾರ್ಲ್ಸ್ ಎಂಬಾತ 10, 24, 30 ಎಂಬ ಮೂರು ಖುರ್ಚಿಗಳನ್ನು ಹಿಡಿದಿದ್ದಾನೆ, ಊಟದ ಪಂಕ್ತಿಯಲ್ಲಿ ಇಂಥವರನ್ನು ನಾವು ನೋಡಿಯೇ ಇರುತ್ತೇವೆ. ಕಾರ್ಲೋಸನಿಗೆ ತನ್ನ ಸೋದರತ್ತೆಯೇ ಅಜ್ಜಿ, ಆ ಅತ್ತೆಯ ಮಗಳೇ ಅಮ್ಮ.

ಕನ್ನಡದ ವಿದ್ವಾಂಸರು ಈ ವಿಷಯದಲ್ಲಿ ಮೂಗು ಮುರಿಯುವ ಮುನ್ನ ಸ್ವಲ್ಪ ತಡೆಯಬೇಕು. ಸ್ಪೇನಿನ ಎರಡನೆಯ ಫಿಲಿಪ್ 1570ರಲ್ಲಿ ಮದುವೆಯಾದ ಆನಾ ಅವನ ತಂಗಿಯ ಮಗಳು. ಮೂರು ಖುರ್ಚಿಯ ಚಾರ್ಲ್ಸ್ 1571ರಲ್ಲಿ ಕೈಹಿಡಿದದ್ದು ಅಕ್ಕನ ಮಗಳನ್ನು. 1649ರಲ್ಲಿ ನಾಲ್ಕನೆಯ ಫಿಲಿಪ್ ಮದುವೆಯಾದದ್ದು ಮತ್ತೆ ತಂಗಿಯ ಮಗಳನ್ನು. ಅಣ್ಣನ ಮಗಳೆಂದರೆ ನಮ್ಮಲ್ಲಿ ಊರೇ ಎದ್ದುನಿಲ್ಲುತ್ತಿತ್ತು. ಅಕ್ಕ-ತಂಗಿಯ ಮಗಳೆಂದರೆ, ಕರ್ನಾಟಕದ ಅನೇಕ ಮನೆಗಳಲ್ಲಿ ಜೋಯಿಸರು ಪಂಚಾಂಗ ತೆಗೆಯುತ್ತಿದ್ದರು. ಅಷ್ಟೇ ಅಲ್ಲ, ಮರಿಯಾನಾ ಮೊದಲು ನಿಶ್ಚಯವಾಗಿದ್ದದ್ದು ಫಿಲಿಪನ ಮಗ ಬಾಲ್ತಸಾರ್ ಕಾರ್ಲೋಸನಿಗೆ, ಅಂದರೆ ಸೋದರಮಾವನ ಮಗನಿಗೆ. ವರ 1646ರಲ್ಲಿ ತೀರಿಕೊಂಡ. ಸಂಬಂಧ ತಪ್ಪಬಾರದೆಂದು ಸೋದರಮಾವನೇ ಮಂಟಪವೇರಿದ. ಆನಾಳನ್ನೂ ಮೊದಲು ಮಗನಿಗೆಂದೇ ನೆನೆಸಿದ್ದರು, ಕೊನೆಗೆ ಬಂದವಳು ಅಪ್ಪನಿಗೆ. ಹ್ಯಾಬ್ಸ್‌ಬರ್ಗರು ನಮ್ಮ ಕಡೆಯವರೇ ಎಂದು ಇದರಿಂದ ಸಾಧಿಸಿಬಿಡಬಹುದಿತ್ತು. ಒಂದೇ ತೊಡಕು: ನಮ್ಮಲ್ಲಿ ಇಂಥ ಮದುವೆಗೆ ಅಜ್ಜಿಯ ಒಪ್ಪಿಗೆ ಸಾಕು, ಅವರಿಗೆ ಪೋಪರ ಅಪ್ಪಣೆ ಬೇಕಿತ್ತು.

ಫಲಿತಾಂಶ ನಗೆಯದಲ್ಲ. ಸ್ಪೇನಿನ ತಳಿವಿಜ್ಞಾನಿಗಳು 2009ರಲ್ಲಿ ಲೆಕ್ಕ ಹಾಕಿ, ಕಾರ್ಲೋಸನ ಒಳಸಂಬಂಧದ ಗುಣಾಂಕ 0.254 ಎಂದರು. ಒಡಹುಟ್ಟಿದವರು ಮದುವೆಯಾಗಿ ಹುಟ್ಟಿದ ಮಗುವಿಗೆ ಅದು 0.25. ಅವನಿಗೆ ಮಾತು ತಡವಾಗಿ ಬಂತು, ನಡಿಗೆ ಇನ್ನೂ ತಡವಾಗಿ. ಎರಡು ಮದುವೆಯಾದರೂ ಮಕ್ಕಳಾಗಲಿಲ್ಲ. ಸತ್ತ ಮರುವರ್ಷವೇ ಅವನ ಸಿಂಹಾಸನಕ್ಕಾಗಿ ಯುರೋಪು ಯುದ್ಧಕ್ಕಿಳಿದು 1714ರವರೆಗೆ ಹೊಡೆದಾಡಿತು. ಹೊಡೆದಾಡಿದ ಎರಡೂ ಕಡೆಯವರು ತಮ್ಮ ಹಕ್ಕಿಗೆ ಹಿಡಿದು ತಂದದ್ದು ಅದೇ ವಂಶವೃಕ್ಷದ ಕಾಗದ.

ಸಂಖ್ಯೆಗಳನ್ನೇ ನಂಬಿ ಬದುಕಿದ ಇನ್ನೊಂದು ಮನೆತನವಿದೆ: ಜರ್ಮನಿಯ ಥುರಿಂಗಿಯಾದ ರಾಯ್ಸ್. ಆರನೆಯ ಹೆನ್ರಿ ಚಕ್ರವರ್ತಿಯ ಗೌರವಾರ್ಥ ಎಂದು ಹೇಳಿ ಇವರು ಹುಟ್ಟಿದ ಗಂಡುಮಕ್ಕಳಿಗೆಲ್ಲ ಹೈನ್ರಿಖ್ ಎಂಬ ಒಂದೇ ಹೆಸರಿಟ್ಟರು. ಪಟ್ಟವೇರಲಿ ಬಿಡಲಿ, ತೊಟ್ಟಿಲಲ್ಲೇ ಎಲ್ಲರಿಗೂ ಸಂಖ್ಯೆ. ಹಿರಿಯ ಶಾಖೆಯವರು ನೂರು ಮುಟ್ಟಿದ ಮೇಲೆ ಮತ್ತೆ ಒಂದರಿಂದ ಎಣಿಸುವ ನಿಯಮ ಮಾಡಿಕೊಂಡರು, ಕಿರಿಯ ಶಾಖೆಯವರು ಹೊಸ ಶತಮಾನ ಬಂದಾಗ ಒಂದರಿಂದ. ಪರಿಣಾಮವಾಗಿ 1848ರ ಕ್ರಾಂತಿಯಲ್ಲಿ 72ನೆಯ ಹೈನ್ರಿಖ್ ಪಟ್ಟ ಬಿಟ್ಟಾಗ ಅವನ ರಾಜ್ಯ 62ನೆಯ ಹೈನ್ರಿಖನಿಗೆ ಹೋಯಿತು. ಅವನ ನಂತರ 67ನೆಯವನು, ಆಮೇಲೆ 14ನೆಯವನು, ಆಮೇಲೆ 27ನೆಯವನು. ಈ ಅನುಕ್ರಮವನ್ನು ಬಾಯಿಪಾಠ ಮಾಡಬೇಕಾದ ಅಲ್ಲಿನ ಶಾಲಾಮಕ್ಕಳ ಬಗ್ಗೆ ಈ ಪ್ರಬಂಧಕಾರರಿಗೆ ಅಪಾರ ಸಹಾನುಭೂತಿಯಿದೆ.

ಈಗ ಉತ್ತರಾರ್ಧ. ಹತ್ತೊಂಬತ್ತನೆಯ ಶತಮಾನದಲ್ಲಿ ರಾಜ್ಯಗಳು ಹೆಚ್ಚಾದವು, ರಾಜರು ಕಡಿಮೆಬಿದ್ದರು. ಗ್ರೀಸ್ ತನ್ನ ಬವೇರಿಯಾ ಮೂಲದ ರಾಜ ಓಟ್ಟೋನನ್ನು 1862ರಲ್ಲಿ ಓಡಿಸಿ, ಹೊಸ ರಾಜ ಯಾರಾಗಬೇಕೆಂದು ಜನಮತ ಕೇಳಿತು. ವಿಕ್ಟೋರಿಯಾ ರಾಣಿಯ ಮಗ ಆಲ್‌ಫ್ರೆಡ್‌ಗೆ 2,30,000ಕ್ಕೂ ಹೆಚ್ಚು ಮತ ಬಿದ್ದವು. ಆದರೆ ಬ್ರಿಟನ್, ಫ್ರಾನ್ಸ್, ರಷ್ಯಾಗಳ ಮನೆತನದವರು ಅಲ್ಲಿ ರಾಜರಾಗುವಂತಿಲ್ಲವೆಂಬ ಒಪ್ಪಂದವಿತ್ತು. ಕೊನೆಗೆ ಗೆದ್ದದ್ದು 6 ಮತ ಪಡೆದಿದ್ದ ಡೆನ್ಮಾರ್ಕಿನ ಹದಿಹರೆಯದ ವಿಲಿಯಂ. ಚುನಾವಣಾ ಶಾಸ್ತ್ರಜ್ಞರು ಇದನ್ನು ಬೇರೆಯಾಗಿ ಅಧ್ಯಯನ ಮಾಡಲಿ. ನಮಗೆ ಮುಖ್ಯವಾದದ್ದು, 1863ರ ವಸಂತದಲ್ಲಿ ಹುಡುಗ ಗ್ರೀಕರ ರಾಜ ಜಾರ್ಜ್ ಆದಾಗ ಅವನ ಅಪ್ಪ ಇನ್ನೂ ರಾಜನಾಗಿರಲಿಲ್ಲ ಎಂಬುದು. ಅಪ್ಪ ಒಂಬತ್ತನೆಯ ಕ್ರಿಶ್ಚಿಯನ್ ಡೆನ್ಮಾರ್ಕಿನ ಪಟ್ಟವೇರಿದ್ದು ಆ ವರ್ಷದ ನವೆಂಬರಿನಲ್ಲಿ. ವಂಶಜ ಮೊದಲು, ಪೂರ್ವಜ ಆಮೇಲೆ ಎಂಬ ನಮ್ಮ ಪ್ರಮೇಯ ಇಷ್ಟು ಅಕ್ಷರಶಃ ನಿಜವಾದೀತೆಂದು ನಾವೇ ನಿರೀಕ್ಷಿಸಿರಲಿಲ್ಲ.

ಆ ಅಪ್ಪನಿಗೆ ಯುರೋಪಿನ ಮಾವ ಎಂಬ ಬಿರುದು. ಹಿರಿಮಗಳು ಅಲೆಕ್ಸಾಂಡ್ರಾ ಇಂಗ್ಲೆಂಡಿಗೆ, ನಡುವಿನವಳು ಡಾಗ್ಮಾರ್ ರಷ್ಯಾಕ್ಕೆ. ಯುರೋಪಿನ ಅಜ್ಜಿ ಎಂಬ ಬಿರುದು ವಿಕ್ಟೋರಿಯಾ ರಾಣಿಯದು. ಒಂಬತ್ತು ಮಕ್ಕಳು, 42 ಮೊಮ್ಮಕ್ಕಳು. ಆಕೆಯ ಪತಿ ಆಲ್ಬರ್ಟ್ ಖುದ್ದು ಸೋದರಮಾವನ ಮಗ. ಕೊಡಗಿನ ಚಿಕ್ಕವೀರರಾಜೇಂದ್ರನ ಮಗಳು ಗೌರಮ್ಮನಿಗೆ 1852ರಲ್ಲಿ ದೀಕ್ಷಾಸ್ನಾನವಾದಾಗ ಈ ರಾಣಿಯೇ ಧರ್ಮತಾಯಿಯಾಗಿ ನಿಂತು ತನ್ನ ಹೆಸರನ್ನೇ ಇಟ್ಟಳು. ಆದರೆ ಯುರೋಪಿನ ಯಾವ ವಂಶವೃಕ್ಷದಲ್ಲೂ ಗೌರಮ್ಮನಿಗೆ ರೆಂಬೆಯಿಲ್ಲ. ಧರ್ಮತಾಯಿ, ಧರ್ಮಪಿತರಿಗೆ ಕೆಕುಲೆಯ ಪದ್ಧತಿಯಲ್ಲಿ ಸಂಖ್ಯೆ ಕೊಡುವುದಿಲ್ಲ.

ರಕ್ತ ಸರಿಸಮವಲ್ಲದಿದ್ದರೆ ಮದುವೆಯಾದರೂ ರೆಂಬೆ ಸಿಗುತ್ತಿರಲಿಲ್ಲ. ಆಸ್ಟ್ರಿಯಾದ ಯುವರಾಜ ಫ್ರಾನ್ಸ್ ಫರ್ಡಿನಾಂಡ್ ಪ್ರೀತಿಸಿದ ಸೋಫಿ ಖೋಟೆಕ್ ಕೌಂಟೆಸ್ಸೇ ಆಗಿದ್ದಳು. ಹ್ಯಾಬ್ಸ್‌ಬರ್ಗ್ ತಕ್ಕಡಿಯಲ್ಲಿ ಅದು ಕಡಿಮೆ ತೂಗಿತು. ಹುಟ್ಟುವ ಮಕ್ಕಳಿಗೆ ಸಿಂಹಾಸನದ ಹಕ್ಕಿಲ್ಲವೆಂದು 1900ರ ಜೂನ್ 28ರಂದು ಅವನಿಂದ ಪ್ರಮಾಣ ಮಾಡಿಸಿದರು. 1914ರ ಜೂನ್ 28ರಂದು ಸರಯೇವೊದಲ್ಲಿ ಗುಂಡು ಇಬ್ಬರಿಗೂ ಸಮಾನವಾಗಿ ಬಿತ್ತು. ವಿಯೆನ್ನಾದ ಅಂತ್ಯಕ್ರಿಯೆಯಲ್ಲಿ ಅವಳ ಪೆಟ್ಟಿಗೆಯನ್ನು ಅವನದಕ್ಕಿಂತ ತಗ್ಗಿನಲ್ಲಿ ಇಟ್ಟರು.

ಆ ಗುಂಡಿನಿಂದ ಹೊತ್ತಿಕೊಂಡ ಯುದ್ಧವನ್ನು ಸಂಬಂಧಶಾಸ್ತ್ರದ ದೃಷ್ಟಿಯಿಂದ ಹೀಗೆ ನಿರೂಪಿಸಬಹುದು. ಇಂಗ್ಲೆಂಡಿನ ಐದನೆಯ ಜಾರ್ಜ್ ಮತ್ತು ರಷ್ಯಾದ ಎರಡನೆಯ ನಿಕೊಲಾಸ್ ಅಕ್ಕತಂಗಿಯರ ಮಕ್ಕಳು, ನಮ್ಮ ಲೆಕ್ಕದಲ್ಲಿ ಅಣ್ಣತಮ್ಮಂದಿರು. ಮುಖವೂ ಹಾಗೇ ಇತ್ತು. ಜರ್ಮನಿಯ ಎರಡನೆಯ ವಿಲ್‌ಹೆಲ್ಮ್ ಜಾರ್ಜನ ಸೋದರತ್ತೆಯ ಮಗ, ಆದ್ದರಿಂದ ಭಾವ. ನಿಕೊಲಾಸನ ಹೆಂಡತಿ ವಿಲ್‌ಹೆಲ್ಮನ ಚಿಕ್ಕಮ್ಮನ ಮಗಳು, ಹಾಗಾಗಿ ನಿಕೊಲಾಸ್, ವಿಲ್‌ಹೆಲ್ಮ್ ಇಬ್ಬರೂ ಭಾವ-ಭಾವಮೈದುನರು. ಯುದ್ಧದ ಹಿಂದಿನ ದಿನಗಳಲ್ಲಿ ಇವರು ‘ವಿಲ್ಲಿ’, ‘ನಿಕಿ’ ಎಂದು ಸಹಿ ಹಾಕಿ ತಂತಿ ಕಳಿಸಿಕೊಂಡರು. ಇಷ್ಟೊಂದು ಬೀಗತನ ಯುದ್ಧವನ್ನು ತಡೆಯಬೇಕಿತ್ತು ಎಂದು ಕೆಲವು ಇತಿಹಾಸಕಾರರು ಅಚ್ಚರಿಪಡುತ್ತಾರೆ. ಅವರು ನಮ್ಮ ಕಡೆಯ ಯಾವುದೇ ಪಾಲುಪಾರಿಕತ್ತಿನ ದಾವೆಯ ಕಡತವನ್ನು ಓದಿದವರಲ್ಲ.

1917ರಲ್ಲಿ ಗೋಥಾ ಎಂಬ ಜರ್ಮನ್ ಬಾಂಬರ್ ವಿಮಾನಗಳು ಲಂಡನ್ನಿನ ಮೇಲೆ ಹಾರತೊಡಗಿದವು. ಅರಮನೆಯೊಳಗಿನ ಮನೆತನದ ಹೆಸರು ಸ್ಯಾಕ್ಸ್-ಕೋಬರ್ಗ್-ಗೋಥಾ. 1763ರಿಂದ ಯುರೋಪಿನ ರಾಜವಂಶಗಳ ವಾರ್ಷಿಕ ಪಂಚಾಂಗ ಅಚ್ಚಾಗುತ್ತಿದ್ದದ್ದೂ ಅದೇ ಗೋಥಾ ಊರಿನಲ್ಲಿ. ಜುಲೈ ತಿಂಗಳಲ್ಲಿ ಒಂದು ಘೋಷಣೆಯಾಗಿ ಮನೆತನ ವಿಂಡ್ಸರ್ ಆಯಿತು; ಬಂಧುಗಳಾದ ಬ್ಯಾಟನ್‌ಬರ್ಗ್‌ಗಳು ಮೌಂಟ್‌ಬ್ಯಾಟನ್ ಆದರು. ಅದೇ ವರ್ಷ ಪದಚ್ಯುತ ನಿಕೊಲಾಸನಿಗೆ ಕೊಡಲೊಪ್ಪಿದ್ದ ಆಶ್ರಯವನ್ನು ಜಾರ್ಜ್ ಹಿಂದೆಗೆಸಿದ. ಕೊಂಬೆ ಕಡಿಯುವುದೂ ತೋಟಗಾರಿಕೆಯ ಭಾಗವೇ.

ಕೊನೆಯದಾಗಿ, ನೆಪೋಲಿಯನ್. ರಾಜವಂಶವೃಕ್ಷವೇ ಇಲ್ಲದವನು, ಆದ್ದರಿಂದ ಅದರ ಬೆಲೆ ಎಲ್ಲರಿಗಿಂತ ಚೆನ್ನಾಗಿ ಬಲ್ಲವನು. ರೇಷ್ಮೆ ವ್ಯಾಪಾರಿಯ ಮಗಳು ದೆಸಿರೇ ಕ್ಲಾರಿಯ ಜೊತೆಗಿನ ನಿಶ್ಚಿತಾರ್ಥವನ್ನು ಕೈಬಿಟ್ಟು 1796ರಲ್ಲಿ ಜೋಸೆಫೀನಳನ್ನು ಮದುವೆಯಾದ. ಉತ್ತರಾಧಿಕಾರಿ ಹುಟ್ಟಲಿಲ್ಲವೆಂದು ಅವಳನ್ನೂ ಬಿಟ್ಟು 1810ರಲ್ಲಿ ಹ್ಯಾಬ್ಸ್‌ಬರ್ಗ್ ರಾಜಕುಮಾರಿಯನ್ನೇ ತಂದ. ಮಗ ಹುಟ್ಟಿದ, ಮಕ್ಕಳಿಲ್ಲದೆ 1832ರಲ್ಲಿ ತೀರಿಕೊಂಡ. ದೆಸಿರೇ ಮದುವೆಯಾದದ್ದು ದಕ್ಷಿಣ ಫ್ರಾನ್ಸಿನ ಪೋ ಊರಿನ ವಕೀಲನ ಮಗ ಬರ್ನಡಾಟ್‌ನನ್ನು. ಅವನು ಸ್ವೀಡನ್ನಿನ ರಾಜನಾದ. ಅವರ ಮಗ ಆಸ್ಕರ್ ವರಿಸಿದ್ದು ಜೋಸೆಫೀನಳ ಮೊದಲ ಮದುವೆಯ ಮಗನ ಮಗಳನ್ನು. ಈಗಿನ ಸ್ವೀಡನ್ ರಾಜ ಹದಿನಾರನೆಯ ಕಾರ್ಲ್ ಗುಸ್ತಾಫನನ್ನು 1 ಎಂದು ಹಿಡಿದು ಕೆಕುಲೆಯ ಲೆಕ್ಕ ಹಾಕಿದರೆ, 65ನೇ ಮನೆಯಲ್ಲಿ ದೆಸಿರೇ ಕೂತಿದ್ದಾಳೆ, 133ನೇ ಮನೆಯಲ್ಲಿ ಜೋಸೆಫೀನ್. ದೆಸಿರೇಗೆ ಹುಟ್ಟಿದ ಮಗುವಿಗೆ ಆಸ್ಕರ್ ಎಂಬ ಹೆಸರು ಆರಿಸಿಕೊಟ್ಟವನು ನೆಪೋಲಿಯನ್. ಆದರೆ ಅವನು ಧರ್ಮಪಿತ ಮಾತ್ರ.