ಕಾಲ್ಚೆಂಡು ಸಂಚಾರ ಮೀಮಾಂಸೆ

ಫುಟ್‌ಬಾಲ್ ಆಟಗಾರರು ಇಂಗ್ಲೆಂಡಿನಿಂದ ಇಟಲಿಗೆ, ಇಟಲಿಯಿಂದ ಸ್ಪೇನಿಗೆ, ಸ್ಪೇನಿನಿಂದ ಫ್ರಾನ್ಸಿಗೆ ಏಕೆ ಅಲೆಯುತ್ತಾರೆ? ಈ ಗಹನ ಪ್ರಶ್ನೆಗೆ ಪೂರ್ವಪಕ್ಷದವರ ಉತ್ತರ ಒಂದೇ: ಬಾಲ್ಯದ ಕನಸು. ಹೊಸ ಜರ್ಸಿ ತೊಟ್ಟು, ಲಾಂಛನಕ್ಕೆ ಮುತ್ತಿಟ್ಟು, ಚಿಕ್ಕಂದಿನಿಂದಲೂ ಈ ತಂಡವೇ ತನ್ನ ಪ್ರಾಣ ಎನ್ನದ ಆಟಗಾರ ಅಪರೂಪ. ಐದು ತಂಡ ಬದಲಿಸಿದವರಿಗೆ ಐದು ಬಾಲ್ಯಗಳಿದ್ದವೇ ಎಂದು ಕೇಳಿದರೆ ಪೂರ್ವಪಕ್ಷಿಗಳು ಫ್ರಾನ್ಸಿನ ಎಂಬಾಪೆಯವರನ್ನು ಸಾಕ್ಷಿಗೆ ಕರೆಯುತ್ತಾರೆ. ಹುಡುಗನಾಗಿದ್ದಾಗ ಕೋಣೆಯ ಗೋಡೆಗೆಲ್ಲ ರಿಯಲ್ ಮ್ಯಾಡ್ರಿಡ್‌ನ ರೊನಾಲ್ಡೊ ಚಿತ್ರ ಅಂಟಿಸಿಕೊಂಡಿದ್ದ ಅವರು 2024ರಲ್ಲಿ ಅದೇ ರಿಯಲ್ ಮ್ಯಾಡ್ರಿಡ್ ಸೇರಿದ್ದು ನಿಜ. ಆದರೆ ಸೇರಿದ್ದು ಪ್ಯಾರಿಸ್ ತಂಡದ ಕರಾರು ಮುಗಿದ ಮೇಲೆ. ಕನಸು ಕೂಡ ಕರಾರಿನ ತಾರೀಖು ನೋಡಿಕೊಂಡೇ ನನಸಾಯಿತು.

ಆದ್ದರಿಂದ ಸಿದ್ಧಾಂತ ಹೀಗೆ: ಆಟಗಾರ ಆಡುವುದು ಕಾಲಿನಿಂದ, ಊರು ಬಿಡುವುದು ಕಾಗದದಿಂದ.

ಈ ಶಾಸ್ತ್ರದ ಮೂಲಪುರುಷ ಬೆಲ್ಜಿಯಂನ ಜಾನ್-ಮಾರ್ಕ್ ಬೋಸ್ಮನ್. 1990ರಲ್ಲಿ ಲೀಜ್ ತಂಡದೊಂದಿಗಿನ ಒಪ್ಪಂದ ಮುಗಿದಾಗ ಅವರು ಗಡಿಯಾಚೆಯ ಡಂಕರ್ಕ್‌ಗೆ ಹೊರಟರು. ಒಪ್ಪಂದ ಮುಗಿದರೂ ಹಣ ಕೊಡದೆ ಬಿಡುವುದಿಲ್ಲ ಎಂದಿತು ಲೀಜ್. ಬೋಸ್ಮನ್ ಕೋರ್ಟಿನ ಮೆಟ್ಟಿಲು ಹತ್ತಿದರು. 1995ರ ಡಿಸೆಂಬರ್ 15ರಂದು ಯುರೋಪಿನ ನ್ಯಾಯಾಲಯ ತೀರ್ಪಿತ್ತಿತು: ಕರಾರು ಮುಗಿದವನು ಸ್ವತಂತ್ರ, ಯುರೋಪಿಯನ್ ಒಕ್ಕೂಟದ ಪ್ರಜೆಯನ್ನು ವಿದೇಶಿಯೆಂದು ಎಣಿಸಿ ಹೊರಗಿಡುವಂತಿಲ್ಲ. ನಾಲ್ಕೇ ವರ್ಷದಲ್ಲಿ, 1999ರ ಡಿಸೆಂಬರ್ 26ರಂದು, ಲಂಡನ್ನಿನ ಚೆಲ್ಸಿ ತಂಡ ಬ್ರಿಟನ್ನಿನ ಒಬ್ಬನೇ ಒಬ್ಬ ಆಟಗಾರನಿಲ್ಲದ ಹನ್ನೊಂದು ಮಂದಿಯನ್ನು ಮೈದಾನಕ್ಕಿಳಿಸಿತು. ದಾರಿ ತೆರೆದ ಬೋಸ್ಮನ್ ಅಷ್ಟರಲ್ಲಿ ಆಟವನ್ನೇ ಕಳೆದುಕೊಂಡಿದ್ದರು.

ಎರಡನೆಯ ಪ್ರಮಾಣ ತೆರಿಗೆ. ಸ್ಪೇನ್ 2005ರಲ್ಲಿ ಹೊರಗಿನಿಂದ ಬಂದ ಉದ್ಯೋಗಿಗಳಿಗೆ ಸುಮಾರು ಶೇ 24ರ ಒಂದೇ ದರ ವಿಧಿಸಿತು. ಎಂಜಿನಿಯರುಗಳಿಗೂ ವಿಜ್ಞಾನಿಗಳಿಗೂ ಅನ್ವಯಿಸುತ್ತಿದ್ದ ಈ ಕಾನೂನಿಗೆ ಜನ ಇಟ್ಟ ಹೆಸರು ಮಾತ್ರ ಫುಟ್‌ಬಾಲ್ ಆಟಗಾರ ಬೆಕಮ್ ಅವರದು: ಬೆಕಮ್ ಕಾನೂನು. ಇಟಲಿ 2019ರಲ್ಲಿ ಇಂಥದೇ ರಿಯಾಯಿತಿ ಕೊಟ್ಟು 2023ರ ಕೊನೆಗೆ ಹಿಂತೆಗೆದುಕೊಂಡಿತು. ಯಾವ ಊರಿನ ಮೇಲೆ ಯಾರಿಗೆ ಯಾವಾಗ ಪ್ರೀತಿ ಹುಟ್ಟಿತು ಎಂಬ ಸಂಶೋಧನೆಗೆ ಆಯವ್ಯಯ ಪತ್ರವೇ ಆಕರಗ್ರಂಥ.

ಇನ್ನು ಮುಹೂರ್ತ ವಿಚಾರ. ವರ್ಗಾವಣೆಗೆ ವರ್ಷದಲ್ಲಿ ಎರಡೇ ಋತು: ಬೇಸಿಗೆ ಮತ್ತು ಜನವರಿ. 2015ರ ಆಗಸ್ಟ್ 31ರಂದು ಮ್ಯಾಂಚೆಸ್ಟರ್ ಯುನೈಟೆಡ್‌ನ ಗೋಲಿ ಡೇವಿಡ್ ಡಿ ಹೆಯಾ ರಿಯಲ್ ಮ್ಯಾಡ್ರಿಡ್‌ಗೆ ಹೋಗುವುದು, ಅಲ್ಲಿಯ ಕೇಲರ್ ನವಾಸ್ ಇತ್ತ ಬರುವುದು ಎಂದು ಮಾತಾಗಿತ್ತು. ಮಧ್ಯರಾತ್ರಿಯೊಳಗೆ ದಾಖಲೆ ತಲುಪಲಿಲ್ಲ. ಮರುದಿನ ಎರಡೂ ಕ್ಲಬ್‌ಗಳು ಹೇಳಿಕೆ ಹೊರಡಿಸಿ ಒಂದರ ಮೇಲೊಂದು ಗೂಬೆ ಕೂರಿಸಿದವು. ಬೇಡವೆಂದು ಗಂಟುಮೂಟೆ ಕಟ್ಟಿಸಿದ್ದ ಅದೇ ನವಾಸ್ ಉಳಿದುಕೊಂಡು 2016, 2017, 2018ರಲ್ಲಿ ಸಾಲಾಗಿ ಮೂರು ಚಾಂಪಿಯನ್ಸ್ ಲೀಗ್ ಗೆದ್ದುಕೊಟ್ಟರು. ತಡವಾದ ಕಾಗದಕ್ಕೂ ದೈವಬಲ ಉಂಟೆಂದು ಕೆಲವು ಭಾಷ್ಯಕಾರರ ಮತ.

ಬೆಲೆಯ ಅಧ್ಯಾಯದಲ್ಲಿ ಅರ್ಥಶಾಸ್ತ್ರವೂ ತಲೆ ಕೆರೆದುಕೊಳ್ಳುತ್ತದೆ. ಫ್ರಾನ್ಸಿನ ಪೌಲ್ ಪೊಗ್ಬಾ 2012ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಬಿಟ್ಟು ಇಟಲಿಯ ಯುವೆಂಟಸ್‌ಗೆ ಹೋದದ್ದು ಹೆಚ್ಚುಕಡಿಮೆ ಪುಕ್ಕಟೆ. 2016ರಲ್ಲಿ ಅದೇ ಮ್ಯಾಂಚೆಸ್ಟರ್ ಅವರನ್ನು 10.5 ಕೋಟಿ ಯೂರೊ ಸುರಿದು ವಾಪಸ್ ತಂದಿತು. ಆಗ ಅದು ವಿಶ್ವದಾಖಲೆ. 2022ರಲ್ಲಿ ಪೊಗ್ಬಾ ಮತ್ತೆ ಯುವೆಂಟಸ್‌ಗೆ ಹೋದರು, ಮತ್ತೆ ಪುಕ್ಕಟೆ. 2017ರಲ್ಲಿ ನೇಮಾರ್ ಅವರನ್ನು ಬಾರ್ಸಿಲೋನಾದಿಂದ ಬಿಡಿಸಿಕೊಳ್ಳಲು ತಂದ 22.2 ಕೋಟಿ ಯೂರೊವನ್ನು ಸ್ಪೇನಿನ ಲೀಗ್ ಕಚೇರಿ ಮುಟ್ಟಲೇ ಇಲ್ಲ. ವಕೀಲರು ಬಾರ್ಸಿಲೋನಾ ಕ್ಲಬ್ಬಿಗೇ ಹೋಗಿ ಕಟ್ಟಿಬಂದರು.

ಫಲಶ್ರುತಿ ಇನ್ನೂ ವಿಚಿತ್ರ. 2009ರಲ್ಲಿ ಬಾರ್ಸಿಲೋನಾ ಸ್ವೀಡನ್ನಿನ ಇಬ್ರಾಹಿಮೊವಿಚ್‌ಗಾಗಿ ಕ್ಯಾಮರೂನಿನ ಎಟೊ ಅವರನ್ನೂ, ಮೇಲೆ ನಾಲ್ಕು ಕೋಟಿಗೂ ಹೆಚ್ಚು ಯೂರೊವನ್ನೂ ಇಂಟರ್ ಮಿಲಾನ್‌ಗೆ ಕೊಟ್ಟಿತು. ಮರುವರ್ಷ ಸೆಮಿಫೈನಲ್‌ನಲ್ಲಿ ಬಾರ್ಸಿಲೋನಾವನ್ನು ಕೆಡವಿ ಚಾಂಪಿಯನ್ಸ್ ಲೀಗ್ ಗೆದ್ದದ್ದು ಇಂಟರ್. ಆದರೂ ಬುದ್ಧಿ ಬರಲಿಲ್ಲ. ಬ್ರೆಜಿಲ್‌ನ ಕುಟಿನ್ಯೊ ಅವರನ್ನು ಬಾರ್ಸಿಲೋನಾ ಬಯರ್ನ್ ಮ್ಯೂನಿಕ್‌ಗೆ ಎರವಲು ಕೊಟ್ಟಿತ್ತು. 2020ರ ಆಗಸ್ಟ್ 14ರಂದು ಬಯರ್ನ್ 8–2ರಿಂದ ಬಾರ್ಸಿಲೋನಾವನ್ನು ಬಡಿದಾಗ ಬದಲಿಯಾಗಿ ಬಂದ ಕುಟಿನ್ಯೊ ಎರಡು ಗೋಲು ಹೊಡೆದರು. ಸಂಬಳದ ಪಟ್ಟಿಗೆ ದ್ರೋಹ, ಜರ್ಸಿಗೆ ನಿಷ್ಠೆ: ಇಂಥ ಧರ್ಮಸಂಕಟ ಸ್ಮೃತಿಗಳಲ್ಲೂ ಇಲ್ಲ.

ಮನಸ್ಸಿಗಿಂತ ಕಾಗದ ಬೇಗ ಓಡುತ್ತದೆಂಬುದಕ್ಕೆ ರೊಬಿನ್ಯೊ ಸಾಕ್ಷಿ. 2008ರ ಸೆಪ್ಟೆಂಬರ್ 1ರಂದು ಮ್ಯಾಂಚೆಸ್ಟರ್ ಸಿಟಿಗೆ ಸಹಿ ಹಾಕಿದ ಅವರು ಪತ್ರಿಕಾಗೋಷ್ಠಿಯಲ್ಲಿ ಚೆಲ್ಸಿಯ ಹೆಸರು ಹೇಳಿದರು, ಪತ್ರಕರ್ತರೇ ತಿದ್ದಬೇಕಾಯಿತು. 2018ರ ಜುಲೈಯಲ್ಲಿ ಮಾಲ್ಕಮ್ ಅವರನ್ನು ಎದುರುಗೊಳ್ಳಲು ರೋಮಾ ಅಭಿಮಾನಿಗಳು ವಿಮಾನ ನಿಲ್ದಾಣದಲ್ಲಿ ನೆರೆದಿದ್ದರೆ, ಆಟಗಾರ ಸೇರಿದ್ದು ಬಾರ್ಸಿಲೋನಾವನ್ನು.

ಕೊನೆಯದು ನಿಕೊಲಾ ಅನೆಲ್ಕಾ ಪ್ರಕರಣ. ಪ್ಯಾರಿಸ್, ಆರ್ಸೆನಲ್, ಮ್ಯಾಡ್ರಿಡ್, ಲಿವರ್‌ಪೂಲ್, ಮ್ಯಾಂಚೆಸ್ಟರ್ ಸಿಟಿ, ಬೋಲ್ಟನ್, ಚೆಲ್ಸಿ, ಯುವೆಂಟಸ್ ಎಲ್ಲವನ್ನೂ ಸುತ್ತಿದ ಇವರು 2014ರಲ್ಲಿ ಮುಂಬೈ ಸಿಟಿಗೆ ಬಂದರು. ವಿದ್ವಾಂಸರು ಇದನ್ನು ವಾನಪ್ರಸ್ಥವೆಂದು ವರ್ಗೀಕರಿಸಿದ್ದಾರೆ. 2010ರ ವಿಶ್ವಕಪ್‌ನಲ್ಲಿ ತರಬೇತುದಾರನನ್ನು ನಿಂದಿಸಿದರೆಂದು ಫ್ರಾನ್ಸ್ ಮನೆಗೆ ಕಳಿಸಿದ್ದ ಈ ಆಟಗಾರನನ್ನು 2015ರಲ್ಲಿ ಮುಂಬೈ ತರಬೇತುದಾರನನ್ನಾಗಿಯೂ ನೇಮಿಸಿತು. ತಂಡದ ಪಟ್ಟಿಯಲ್ಲಿ ತನ್ನ ಹೆಸರನ್ನು ತಾನೇ ಬರೆಯುವ, ತಾನೇ ಹೊಡೆದುಹಾಕುವ ಅಧಿಕಾರ ಕೈಗೆ ಬಂತು. ಜಗಳಕ್ಕೆ ಎದುರಾಳಿಯೇ ಉಳಿಯದ ಈ ಸ್ಥಿತಿಯನ್ನು ಮೋಕ್ಷವೆನ್ನಬೇಕೋ ಶಿಕ್ಷೆಯೆನ್ನಬೇಕೋ ಎಂಬಲ್ಲಿ ಪಂಡಿತರಿಗೆ ಭಿನ್ನಮತವಿದೆ.