ನವರಂಗದ ವಾಸಸ್ಥಳ ದೃಢೀಕರಣ: ಲೋಣಾವಳಾ ಪ್ರಕರಣ

ವಿದ್ವಾಂಸರು ಇದುವರೆಗೆ ಕೈಹಾಕದ, ಕೈಹಾಕಿ ಎಂದು ಯಾರೂ ಅವರನ್ನು ಕೇಳಿಕೊಳ್ಳದ ಪ್ರಶ್ನೆಯೊಂದನ್ನು ಪ್ರಸ್ತುತ ಪ್ರಬಂಧ ಎತ್ತಿಕೊಂಡಿದೆ: ನವರಂಗ ಹಕ್ಕಿ ಯಾವ ರಾಜ್ಯದ್ದು? ಕರ್ನಾಟಕ–ಮಹಾರಾಷ್ಟ್ರ ಗಡಿ ವ್ಯಾಜ್ಯ ಬಗೆಹರಿಸಲೆಂದು 1966ರಲ್ಲಿ ನೇಮಕವಾದ ಮಹಾಜನ ಆಯೋಗ ಮರುವರ್ಷವೇ ವರದಿ ಒಪ್ಪಿಸಿತು. ಹಳ್ಳಿಗಳ ಬಗ್ಗೆ ಅಷ್ಟು ತಲೆಕೆಡಿಸಿಕೊಂಡ ಆಯೋಗದ ಮುಂದೆ ಹಕ್ಕಿಗಳ ಪರವಾಗಿ ಯಾರೂ ವಕಾಲತ್ತು ಹಾಕಲಿಲ್ಲ. ಆ ಲೋಪ ತುಂಬುವ ಹೊಣೆ ಹೊತ್ತು ಪ್ರಬಂಧಕಾರರು ಪುಣೆಯಿಂದ ಲೋಕಲ್ ರೈಲು ಹತ್ತಿ ಲೋಣಾವಳಾದಲ್ಲಿ ಇಳಿದರು.

ಮೊದಲು ಕಕ್ಷಿದಾರನ ಪರಿಚಯ. ನವರಂಗ ಗೊರವಂಕಕ್ಕಿಂತ ತುಸು ಸಣ್ಣದು. ತೂಕ ಹೆಚ್ಚುಕಡಿಮೆ ಅರವತ್ತು ಗ್ರಾಂ. ಬೆನ್ನು ಹಸಿರು, ಹೊಟ್ಟೆ ಕೆನೆಹಳದಿ, ಬಾಲದ ಬುಡದಲ್ಲಿ ಕುಂಕುಮಗೆಂಪು, ರೆಕ್ಕೆಯಲ್ಲಿ ನೀಲಿ, ಗಂಟಲು ಬಿಳಿ, ಕಣ್ಣಿಗೆ ಅಡ್ಡಲಾಗಿ ಕಪ್ಪು ಪಟ್ಟಿ. ಬಣ್ಣಗಾರಿಕೆ ಮುಗಿಸಿ ಚೌಕಿಯಿಂದ ಹೊರಟ ಯಕ್ಷಗಾನದ ವೇಷಧಾರಿಯಂತೆ ಎಲ್ಲ ಇದೆ, ಬಾಲವೊಂದನ್ನು ಬಿಟ್ಟು. ಬಾಲ ಇದ್ದೂ ಇಲ್ಲದಷ್ಟು ಮೋಟು. ಇಷ್ಟೆಲ್ಲ ಅಲಂಕಾರ ಮಾಡಿಕೊಂಡು ಅದು ಮಾಡುವುದು ಕಾಡಿನ ನೆಲದ ಮೇಲೆ ಕುಪ್ಪಳಿಸುತ್ತ, ತರಗೆಲೆ ಮಗುಚಿ ಹುಳ ಹೆಕ್ಕುವ ಕೆಲಸ. ಬೆಳಗಿನ ಜಾವ ಮತ್ತು ಮುಸ್ಸಂಜೆ ಎರಡೇ ಸ್ವರದ ಸಿಳ್ಳೆ ಹಾಕುತ್ತದೆ. ಆ ಸಮಯಪಾಲನೆಗೆ ಮೆಚ್ಚಿ ತಮಿಳರು ಇದನ್ನು ಆರು ಗಂಟೆಯ ಹಕ್ಕಿ ಎಂದೇ ಕರೆಯುತ್ತಾರೆ.

ಅಧ್ಯಯನ ಕ್ಷೇತ್ರವಾದ ಲೋಣಾವಳಾ ಪುಣೆ ಜಿಲ್ಲೆಯ ಮಾವಳ ತಾಲೂಕಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 620 ಮೀಟರ್ ಎತ್ತರದಲ್ಲಿ, ಭೋರ್ ಘಾಟಿನ ನೆತ್ತಿಯ ಮೇಲೆ ಕೂತಿದೆ. 1863ರಲ್ಲಿ ಘಾಟಿಗೆ ರೈಲು ಬಂತು. ಇವತ್ತಿಗೂ ಮುಂಬಯಿ ಕಡೆಯಿಂದ ಬರುವ ದೊಡ್ಡ ಗಾಡಿಗಳು ಕರ್ಜತ್‌ನಲ್ಲಿ ನಿಂತು, ಹಿಂದಿನಿಂದ ತಳ್ಳಲು ಹೆಚ್ಚುವರಿ ಎಂಜಿನ್ ಕಟ್ಟಿಸಿಕೊಂಡು, ಅಷ್ಟರಲ್ಲಿ ಪ್ರಯಾಣಿಕರಿಗೆ ವಡಾಪಾವ್ ತಿನ್ನಿಸಿ ಮೇಲೇರುತ್ತವೆ. ಅರವತ್ತು ಗ್ರಾಮಿನ ನವರಂಗ ಇದೇ ಸಹ್ಯಾದ್ರಿಯನ್ನು ರಾತ್ರಿಯ ಕತ್ತಲಲ್ಲಿ, ಹಿಂದಿನಿಂದ ಯಾರೂ ತಳ್ಳದೆ ದಾಟುತ್ತದೆ. ಇದನ್ನು ರೈಲ್ವೆ ಇಲಾಖೆಯ ಮೇಲಿನ ಟೀಕೆ ಎಂದು ಯಾರೂ ಭಾವಿಸಬಾರದು.

ವರ್ಷಕ್ಕೆ ಸರಿಸುಮಾರು ನಾಲ್ಕು ಸಾವಿರ ಮಿಲಿಮೀಟರ್ ಮಳೆ ಬೀಳುವ ಊರಿದು. ಜೂನ್ ಬಂತೆಂದರೆ ಇಲ್ಲಿಗೆ ಎರಡು ಬಗೆಯ ವಲಸೆ ಶುರುವಾಗುತ್ತದೆ. ಒಂದು ಬಗೆಯದು ಶನಿವಾರ ಬೆಳಿಗ್ಗೆ ಎಕ್ಸ್‌ಪ್ರೆಸ್‌ವೇಯಲ್ಲಿ ಕಾಣಿಸಿಕೊಂಡು, ಭೂಶಿ ಅಣೆಕಟ್ಟಿನ ಮೆಟ್ಟಿಲುಗಳ ಮೇಲೆ ನೆನೆದು, ಕಾಂದಾ ಭಜಿ ತಿಂದು, ಚಿಕ್ಕಿ ಪೊಟ್ಟಣಗಳೊಂದಿಗೆ ಭಾನುವಾರ ರಾತ್ರಿ ಟ್ರಾಫಿಕ್‌ನಲ್ಲಿ ಸಿಕ್ಕಿಬೀಳುತ್ತದೆ. ಅದರ ಕೂಗು ಕಾರಿನ ಹಾರ್ನು. ಇನ್ನೊಂದು ಬಗೆಯದು ಹೊಟ್ಟೆಪಾಡಿಗೂ ಸಂಸಾರಕ್ಕೂ ಬರುವಂಥದು. ಪ್ರಬಂಧ ಎರಡನೆಯದಕ್ಕೆ ಸೀಮಿತ. ಮೊದಲನೆಯದರ ಅಧ್ಯಯನ ಪೊಲೀಸ್ ಇಲಾಖೆಯ ವ್ಯಾಪ್ತಿಗೆ ಬರುತ್ತದೆ.

ಪೂರ್ವಾಚಾರ್ಯರನ್ನು ಸ್ಮರಿಸದೆ ಮುಂದೆ ಹೋಗುವುದು ಸಂಪ್ರದಾಯವಲ್ಲ. ಬೇಸಿಗೆಯ ಕೆಂಬಾಲದ ಹಕ್ಕಿಯೇ ಚಳಿಗಾಲದಲ್ಲಿ ರಾಬಿನ್ ಹಕ್ಕಿಯಾಗಿ ಮಾರ್ಪಡುತ್ತದೆ ಎಂದು ಅರಿಸ್ಟಾಟಲ್ ನಂಬಿದ್ದ. ಸ್ವೀಡನ್ನಿನ ಒಲಾಸ್ ಮ್ಯಾಗ್ನಸ್ 1555ರಲ್ಲಿ, ಕವಲುತೋಕೆ ಹಕ್ಕಿಗಳು ಚಳಿಗಾಲವನ್ನು ಕೆರೆಯ ನೀರಿನಡಿ ಕಳೆಯುತ್ತವೆ, ಮೀನುಗಾರರ ಬಲೆಗೆ ಗುಂಪುಗುಂಪಾಗಿ ಸಿಗುತ್ತವೆ ಎಂದು ಬರೆದ. ಹದಿನೇಳನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಮಾರ್ಟನ್ ಇನ್ನೂ ಮೇಲೆ ಹೋದ: ಹಕ್ಕಿಗಳು ಚಂದ್ರಲೋಕಕ್ಕೆ ಹೋಗುತ್ತವೆ, ಪ್ರಯಾಣಕ್ಕೆ ಅರವತ್ತು ದಿನ ಹಿಡಿಯುತ್ತದೆ. ಈ ಎಲ್ಲ ಸಿದ್ಧಾಂತಗಳಿಗೂ 1822ರಲ್ಲಿ ಒಂದು ಕೊಕ್ಕರೆ ಪೆಟ್ಟುಕೊಟ್ಟಿತು. ಜರ್ಮನಿಯ ಕ್ಲೂಟ್ಸ್ ಎಂಬಲ್ಲಿ ಸಿಕ್ಕ ಆ ಹಕ್ಕಿಯ ಕುತ್ತಿಗೆಗೆ ಆಫ್ರಿಕದ ಈಟಿಯೊಂದು ನಾಟಿಕೊಂಡಿತ್ತು. ಪಾಪದ ಹಕ್ಕಿ ತನ್ನ ವಿಳಾಸವನ್ನು ಕುತ್ತಿಗೆಯಲ್ಲೇ ಹೊತ್ತು ತಂದಿತ್ತು. ಈಗಲೂ ರಾಸ್ಟಾಕ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿದೆ. 1899ರಲ್ಲಿ ಡೆನ್ಮಾರ್ಕಿನ ಶಾಲಾಮಾಸ್ತರ ಮಾರ್ಟೆನ್ಸನ್ ಹಕ್ಕಿಗಳ ಕಾಲಿಗೆ ನಂಬರಿನ ಅಲ್ಯೂಮಿನಿಯಂ ಬಳೆ ತೊಡಿಸಲು ಶುರುಮಾಡಿದ ಮೇಲೆ ಈಟಿಯ ಅಗತ್ಯ ತಪ್ಪಿತು.

ಈಗ ಪೂರ್ವಪಕ್ಷ, ಅಂದರೆ ಮಹಾರಾಷ್ಟ್ರದ ವಾದ. ಮಳೆಗೆ ತುಸು ಮುಂಚೆ ನವರಂಗ ಸಹ್ಯಾದ್ರಿಯ ಈ ಭಾಗದ ಕಾಡಿಗೆ ಬರುತ್ತದೆ. ಒಣಹುಲ್ಲು, ಎಲೆ, ಬೇರುಗಳಿಂದ ಚೆಂಡಿನಾಕಾರದ ಗೂಡು ಕಟ್ಟಿ ನಾಲ್ಕೈದು ಮೊಟ್ಟೆಯಿಡುತ್ತದೆ. ಮರಿ ಹುಟ್ಟಿದ್ದು ಇಲ್ಲಿ, ಮೊದಲ ಎರೆಹುಳ ನುಂಗಿದ್ದು ಇಲ್ಲಿ. ಜನನ ಪ್ರಮಾಣಪತ್ರ ಕೊಡಬೇಕಾದದ್ದೂ ಇಲ್ಲಿಯೇ. ಮರಾಠಿಯಲ್ಲೂ ಇದರ ಹೆಸರು ನವರಂಗವೇ. ಆದರೆ ಈ ವಾದಕ್ಕೊಂದು ತೊಡಕಿದೆ. ಮಹಾರಾಷ್ಟ್ರದಲ್ಲಿ ಡೊಮಿಸೈಲ್ ಬೇಕೆನ್ನುವ ಹೊರಗಿನವರು ಹದಿನೈದು ವರ್ಷ ಅಲ್ಲೇ ವಾಸವಿದ್ದದ್ದನ್ನು ತೋರಿಸಬೇಕು. ಮಳೆ ಮುಗಿದೊಡನೆ ಗಂಟುಮೂಟೆ ಕಟ್ಟುವ ಹಕ್ಕಿಗೆ ಅಷ್ಟು ವರ್ಷದ ಲೈಟ್ ಬಿಲ್ ಎಲ್ಲಿಂದ ಬರಬೇಕು?

ಉತ್ತರಪಕ್ಷ ಕರ್ನಾಟಕದ್ದು. ಅಕ್ಟೋಬರದಿಂದ ಏಪ್ರಿಲ್‌ವರೆಗೆ, ಎಂದರೆ ವರ್ಷದ ಹೆಚ್ಚು ಪಾಲು, ನವರಂಗಗಳು ದಕ್ಷಿಣ ಭಾರತದಲ್ಲಿರುತ್ತವೆ. ಕರಾವಳಿ, ಮಲೆನಾಡಿನ ತೋಟಗಳಲ್ಲಿ ಚಳಿಗಾಲವಿಡೀ ತರಗೆಲೆ ಕೆದಕುತ್ತವೆ. ಉಂಡ ಮನೆ ಮುಖ್ಯವೋ ಹುಟ್ಟಿದ ಮನೆಯೋ? ಹೆರಿಗೆಗೆಂದು ತವರಿಗೆ ಹೋದವಳ ಪಡಿತರ ಚೀಟಿ ತವರಿನದಾಗುತ್ತದೆಯೇ? ವಾದ ಇಲ್ಲಿ ಗೆದ್ದಂತೆ ಕಾಣುವಷ್ಟರಲ್ಲಿ ಶ್ರೀಲಂಕಾ ಮಧ್ಯಪ್ರವೇಶ ಅರ್ಜಿ ಹಾಕುತ್ತದೆ. ಹಲವು ನವರಂಗಗಳು ಚಳಿಗಾಲ ಕಳೆಯುವುದು ಆ ದ್ವೀಪದಲ್ಲಿ. ಕರ್ನಾಟಕ ಅವಕ್ಕೆ ದಾರಿಯ ತಂಗುದಾಣ ಮಾತ್ರ. ಇತ್ತ ಎರಡೂ ರಾಜ್ಯಗಳು ರಾಜ್ಯಪಕ್ಷಿ ಆರಿಸುವಾಗ ಜಾಣತನ ತೋರಿವೆ. ಕರ್ನಾಟಕ ನೀಲಕಂಠವನ್ನೂ ಮಹಾರಾಷ್ಟ್ರ ಹಳದಿಗಾಲಿನ ಹಸಿರು ಪಾರಿವಾಳವನ್ನೂ ಇಟ್ಟುಕೊಂಡವು. ನವರಂಗಕ್ಕೆ ಇಬ್ಬರೂ ಟಿಕೆಟ್ ಕೊಡಲಿಲ್ಲ.

ಶಾಸನಾಧಾರವಿಲ್ಲದ ಕನ್ನಡ ಪ್ರಬಂಧ ಉಪ್ಪಿಲ್ಲದ ಸಾರಿಗೂ ಕಡೆ ಎಂಬುದನ್ನು ಬಲ್ಲ ಪ್ರಬಂಧಕಾರರು ಅದನ್ನೂ ಒದಗಿಸಿದ್ದಾರೆ. ಲೋಣಾವಳಾದಿಂದ ಹತ್ತಿಪ್ಪತ್ತು ನಿಮಿಷದ ದಾರಿಯಲ್ಲಿ ಕಾರ್ಲೆಯ ಗುಹೆಗಳಿವೆ. ಅಲ್ಲಿನ ಮಹಾಚೈತ್ಯ ದೇಶದ ಕೊರೆದ ಚೈತ್ಯಗಳಲ್ಲೆಲ್ಲ ದೊಡ್ಡದು. ವೈಜಯಂತಿಯಿಂದ ಬಂದ ಭೂತಪಾಲನೆಂಬ ಶ್ರೇಷ್ಠಿ ಈ ಶಿಲಾಗೃಹವನ್ನು ಪೂರ್ಣಗೊಳಿಸಿದ, ಜಂಬೂದ್ವೀಪದಲ್ಲೇ ಇದು ಉತ್ತಮವಾದದ್ದು ಎಂದು ಬಾಗಿಲ ಬಳಿಯ ಬ್ರಾಹ್ಮೀ ಶಾಸನ ಸಾರುತ್ತದೆ. ವೈಜಯಂತಿ ಎಂದರೆ ನಮ್ಮ ಬನವಾಸಿ ಎಂದು ಅನೇಕ ವಿದ್ವಾಂಸರ ಮತ. ಒಳಗಿನ ಕಂಬಗಳಲ್ಲಿ ಹಲವು ಧೇನುಕಾಕಟದ ಯವನರ ದಾನ. ಅಂದರೆ ಎರಡು ಸಾವಿರ ವರ್ಷದ ಹಿಂದೆಯೇ ವರದಾ ತೀರದ ಸೆಟ್ಟರು ಈ ಘಾಟಿಗೆ ಬಂದು, ದುಡ್ಡು ಸುರಿದು, ಹೆಸರು ಕೆತ್ತಿಸಿ ಹೋಗಿದ್ದರು. ನವರಂಗಕ್ಕೆ ಶ್ರೇಷ್ಠಿಯೇ ದಾರಿ ತೋರಿಸಿದನೋ, ಶ್ರೇಷ್ಠಿಗೆ ನವರಂಗವೋ ಎಂಬ ಜಿಜ್ಞಾಸೆಗೆ ಪ್ರತ್ಯೇಕ ಸಂಪುಟ ಬೇಕಾಗುತ್ತದೆ.

ಬನವಾಸಿಯ ನೆರೆಯಲ್ಲೇ ಸೊರಬ ತಾಲೂಕು. ಅಲ್ಲಿ ಕ್ಯಾಸನೂರು ಕಾಡು. 1957ರಲ್ಲಿ ಆ ಕಾಡಿನ ಮಂಗಗಳು ಸಾಲುಸಾಲಾಗಿ ಸತ್ತವು, ಜನಕ್ಕೂ ಜ್ವರ ಬಂತು. ಮಂಗನ ಕಾಯಿಲೆಯ ವೈರಾಣುವನ್ನು ಗುರುತಿಸಿದ್ದು ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು. ಅದು ರಷ್ಯದ ಉಣ್ಣೆಹುಳದ ಜ್ವರದ ವೈರಾಣುವಿನ ದಾಯಾದಿ ಎಂದು ಕಂಡಾಗ, ಸೈಬೀರಿಯದಿಂದ ಇದನ್ನು ಹೊತ್ತು ತಂದವರು ಯಾರು ಎಂಬ ಪ್ರಶ್ನೆ ಎದ್ದಿತು. ಬೆರಳು ಹಕ್ಕಿಗಳ ಕಡೆ ತಿರುಗಿತು. ಇಲ್ಲಿ ತೆರೆಯ ಮೇಲೆ ಬರುವವರು ಪಕ್ಷಿತಜ್ಞ ಸಲೀಂ ಅಲಿ. ಹಕ್ಕಿಗಳ ಕಾಲಿಗೆ ಬಳೆ ಹಾಕಿ ವಲಸೆ ಅಳೆಯಬೇಕೆಂಬ ಅವರ ಬಹುಕಾಲದ ಆಸೆಗೆ ದುಡ್ಡಿರಲಿಲ್ಲ. 1959ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ವಲಸೆ ಅಧ್ಯಯನ ಆರಂಭಿಸಿತು. ಮುಂದೆ ಅಮೆರಿಕದ ಸೇನೆಯ ಹಣವೂ ಇದಕ್ಕೆ ಬಂದದ್ದರಿಂದ, 1970ರ ದಶಕದಲ್ಲಿ ರೋಗಾಣು ಯುದ್ಧದ ಗುಮಾನಿ ಎದ್ದು, ಪಾರ್ಲಿಮೆಂಟಿನ ಲೆಕ್ಕಪತ್ರ ಸಮಿತಿಯವರೆಗೂ ವಿಷಯ ಹೋಯಿತು. ರೋಗ ಹರಡುತ್ತಿದ್ದದ್ದು ಕಾಡಿನ ಉಣ್ಣೆಗಳು. ಹಕ್ಕಿಗಳ ಮೇಲಿನ ಆಪಾದನೆ ಸಾಬೀತಾಗಲಿಲ್ಲ, ಆದರೆ ಅದರ ನೆಪದಲ್ಲಿ ಸಾವಿರಾರು ಹಕ್ಕಿಗಳ ಕಾಲಿಗೆ ಬಳೆ ಬಿತ್ತು. ಭಾರತದ ವಲಸೆ ವಿಜ್ಞಾನ ಸೊರಬದ ಮಂಗಗಳಿಗೆ ಎಷ್ಟು ಋಣಿ ಎಂಬುದನ್ನು ಯಾವ ಸಮ್ಮೇಳನದಲ್ಲೂ ಯಾರೂ ವಂದನಾರ್ಪಣೆಯಲ್ಲಿ ಹೇಳಿದಂತಿಲ್ಲ.

ಕ್ಷೇತ್ರಕಾರ್ಯದ ವಿಷಯಕ್ಕೆ ಬರೋಣ. ಜುಲೈ ತಿಂಗಳ ಒಂದು ಮುಂಜಾವು, ಮಂಜು ಮುಸುಕಿ ಹತ್ತು ಹೆಜ್ಜೆ ಆಚೆಯ ಮರ ಕಾಣದಿದ್ದಾಗ, ಪ್ರಬಂಧಕಾರರು ಹೋಟೆಲೊಂದರ ಹಿಂಭಾಗದ ಹಳ್ಳದ ಬಳಿ ಕೊಡೆ ಹಿಡಿದು ನಿಂತಿದ್ದರು. ದುರ್ಬೀನಿನ ಗಾಜಿಗೆ ಹಬೆ ಕೂತಿತ್ತು. ಬಂಡೆಯ ಮೇಲಿಂದ ಒಂದು ಸಿಳ್ಳೆ ಕೇಳಿಸಿತು. ರಾಗ ಗೊತ್ತಿರುವವನೊಬ್ಬ ಪದ ಮರೆತು ಗುನುಗುವಂಥ ಸಿಳ್ಳೆ. ಅದು ನವರಂಗವಲ್ಲ, ಮಲಬಾರ್ ಸಿಳ್ಳೆ ಹಕ್ಕಿ. ನೀಲಿಗಪ್ಪು ಮೈ, ಭುಜದಲ್ಲಿ ಮಿಂಚುವ ಕಡುನೀಲಿ; ಇದೇ ಘಾಟಿನ ಹುಟ್ಟಾ ನಿವಾಸಿ. ಮಳೆಗಾಲವಿಡೀ ಹಾಡಿ ಚಳಿಗಾಲದಲ್ಲಿ ಬಾಯಿಮುಚ್ಚಿಕೊಳ್ಳುವುದರಿಂದ ಎಲ್ಲೋ ವಲಸೆ ಹೋಗಿದೆ ಎಂದು ಜನ ತಿಳಿಯುತ್ತಾರೆ. ಅಷ್ಟರಲ್ಲಿ ಹೋಟೆಲಿನ ಹಿಂಬಾಗಿಲು ತೆರೆದು, ಕಾಫಿ ಗಸಿ ಚೆಲ್ಲಲು ಬಂದ ಅಡಿಗೆಯವರು ಕನ್ನಡ ಪುಸ್ತಕ ಕಂಡು ನಿಂತರು. ಕುಂದಾಪುರದ ಕಡೆಯವರು.

‘ಎಂತ ಹುಡ್ಕುದ್ ಮಾರಾಯ್ರೆ?’

ಪ್ರಬಂಧಕಾರರು ಪುಸ್ತಕದಲ್ಲಿದ್ದ ನವರಂಗದ ಚಿತ್ರ ತೋರಿಸಿದರು.

‘ಇದಾ? ಇದನ್ ಕಾಂಬುಕೆ ಇಷ್ಟ್ ದೂರ ಬಂದ್ರ್ಯಾ? ನಮ್ಮನಿ ತೋಟ್ದಗೆ ಚಳಿಗಾಲ ಪೂರಾ ಇರತ್ತ್. ಬಚ್ಚಲ್ ಹಿಂದೆ ದರ್ಲಿ ಕೆರ್ಕಂಡ್. ಮಳಿ ಬಪ್ಪತಿಗೆ ಎಲ್ಲಿಗ್ ಹೋತ್ತ್ ಅಂದೇಳಿ ಗೊತ್ತಿರ್ಲಿಲ್ಲೆ.’

ಅವರೂ ಊರಿಗೆ ಹೋಗುವುದು ಇಲ್ಲಿನ ಸೀಸನ್ ಮುಗಿದ ಮೇಲೆಯೇ. ಮೇಳಗಳು ತಿರುಗಾಟಕ್ಕೆ ಹೊರಡುವ ಹೊತ್ತಿಗೆ ಹೋಗಿ ನಾಲ್ಕು ಆಟ ನೋಡಿ ಬರುತ್ತಾರಂತೆ. ಅವರ ಆಧಾರ್ ಕಾರ್ಡಿನಲ್ಲಿ ಯಾವ ವಿಳಾಸವಿದೆ ಎಂದು ಕೇಳಲು ಪ್ರಬಂಧಕಾರರಿಗೆ ಧೈರ್ಯ ಬರಲಿಲ್ಲ. ಬಿಸಿ ಕಾಫಿ ಬಂದಿತ್ತು.

ನವರಂಗದ ಅರ್ಜಿ ಹೀಗೆ ಬಾಕಿಯಿರುವಾಗಲೇ ಉಳಿದವರೂ ಸಾಲಿನಲ್ಲಿ ನಿಂತಿದ್ದಾರೆ. ಚಾತಕದ ಒಂದು ಪಂಗಡ ಮುಂಗಾರಿನ ಗಾಳಿಯ ಜೊತೆ ಆಫ್ರಿಕದಿಂದ ಬಂದು, ಹರಟೆಮಲ್ಲ ಹಕ್ಕಿಗಳ ಗೂಡಿನಲ್ಲಿ ಮೊಟ್ಟೆಯಿಟ್ಟು, ಸಾಕುವ ಖರ್ಚು ಅವಕ್ಕೇ ಬಿಟ್ಟು ವಾಪಸು ಹೋಗುತ್ತದೆ. ದಕ್ಷಿಣದಲ್ಲಿರುವ ಇನ್ನೊಂದು ಪಂಗಡ ಎಲ್ಲೂ ಹೋಗುವುದಿಲ್ಲ. ಒಂದೇ ಹೆಸರಿನ ಎರಡು ಅರ್ಜಿ ಎಂದು ಗುಮಾಸ್ತರು ತಕರಾರು ತೆಗೆದಿದ್ದಾರೆ. ಬೂದು ಕುಂಡೆಕುಸ್ಕ ಸೆಪ್ಟೆಂಬರ್ ಹೊತ್ತಿಗೆ ಹಿಮಾಲಯದ ಕಡೆಯಿಂದ ಬಂದು ಹಳ್ಳದ ಬಂಡೆ ಹಿಡಿಯುತ್ತದೆ. ಬಾಲ ಕುಣಿಸುತ್ತ ಹೆಜ್ಜೆ ಹಾಕುವ ಅದಕ್ಕೆ ಯಾವ ಕಾಗದವೂ ಬೇಕಾದಂತಿಲ್ಲ.

ಅತಿ ದೊಡ್ಡ ಅನ್ಯಾಯವಾಗಿರುವುದು ಬ್ಲೈತನ ಉಲಿಯಕ್ಕಿಗೆ. ಯುರೋಪಿನ ಬಾಲ್ಟಿಕ್ ತೀರದಿಂದ ಸೈಬೀರಿಯದವರೆಗಿನ ಪೊದೆಗಳಲ್ಲಿ ಹುಟ್ಟಿ, ಹತ್ತು ಹನ್ನೆರಡು ಗ್ರಾಮಿನ ಮೈ ಹೊತ್ತು ಭಾರತಕ್ಕೆ ಬಂದು, ಚಳಿಗಾಲವಿಡೀ ಲಾಂಟಾನ ಬೇಲಿಯೊಳಗಿಂದ ‘ಚಕ್ ಚಕ್’ ಎನ್ನುತ್ತದೆ. ಬಣ್ಣ ಮಾಸಲು ಕಂದು, ಅಷ್ಟೇ. ನವರಂಗಕ್ಕಾಗಿ ಮೊಣಕಾಲುದ್ದ ಕೆಸರಿನಲ್ಲಿ ನಿಲ್ಲುವ ಛಾಯಾಗ್ರಾಹಕರು ಇದರ ಮುಂದೆ ಕ್ಯಾಮೆರಾದ ಮುಚ್ಚಳವನ್ನೂ ತೆಗೆಯುವುದಿಲ್ಲ. ಹೆಸರಿನ ಯಜಮಾನ ಎಡ್ವರ್ಡ್ ಬ್ಲೈತ್ ತಾನೂ ವಲಸೆಗಾರನೇ; 1841ರಲ್ಲಿ ಲಂಡನ್ನಿನಿಂದ ಕಲ್ಕತ್ತೆಗೆ ಬಂದು ಏಷಿಯಾಟಿಕ್ ಸೊಸೈಟಿಯ ಮ್ಯೂಸಿಯಂ ನೋಡಿಕೊಂಡವನು.

ಕೊನೆಯದು ಅಮೂರ್ ಚಾಣ. ಸೈಬೀರಿಯದ ಆಗ್ನೇಯ ಭಾಗ ಮತ್ತು ಉತ್ತರ ಚೀನಾದಲ್ಲಿ ಹುಟ್ಟುವ ಈ ಪುಟ್ಟ ಬೇಟೆಹಕ್ಕಿ ಅಕ್ಟೋಬರ್–ನವೆಂಬರಿನಲ್ಲಿ ನಾಗಾಲ್ಯಾಂಡಿನಲ್ಲಿ ಲಕ್ಷಗಟ್ಟಲೆ ಸೇರುತ್ತದೆ. 2012ರವರೆಗೆ ದೊಯಾಂಗ್ ಜಲಾಶಯದ ಬಳಿ ಬಲೆಗೆ ಬೀಳುತ್ತಿದ್ದ ಹಕ್ಕಿಗಳನ್ನು ಮರುವರ್ಷದಿಂದ ಅದೇ ಊರಿನವರು ಕಾಯತೊಡಗಿದರು. 2013ರ ನವೆಂಬರಿನಲ್ಲಿ ನಾಗಾ, ವೋಖಾ, ಪಾಂಗ್ಟಿ ಎಂಬ ಮೂರು ಹಕ್ಕಿಗಳ ಬೆನ್ನಿಗೆ ಉಪಗ್ರಹ ಟ್ರಾನ್ಸ್‌ಮಿಟರ್ ಕಟ್ಟಲಾಯಿತು. ಪರ್ಯಾಯದ್ವೀಪವನ್ನು ಅಡ್ಡ ಹಾಯ್ದು ಪಶ್ಚಿಮಕ್ಕೆ ಹೋಗುವ ಗುಂಪುಗಳಲ್ಲಿ ಕೆಲವು ಲೋಣಾವಳಾದ ಹುಲ್ಲುಗಾವಲಿನ ಮೇಲೆ ಒಂದೆರಡು ದಿನ ಸುಳಿಯುತ್ತವೆ. ಆ ಸುದ್ದಿ ಹಬ್ಬಿದರೆ ಮುಂಬಯಿ, ಪುಣೆಗಳ ದುರ್ಬೀನುಗಳೆಲ್ಲ ರಜೆ ಹಾಕುತ್ತವೆ. ಆಮೇಲೆ ಘಾಟಿಯ ಅಂಚು, ಕೊಂಕಣ, ಅರಬ್ಬಿ ಸಮುದ್ರ, ಆಫ್ರಿಕ. ಅದೇ ದಿನಗಳಲ್ಲಿ ಅದೇ ಗಾಳಿಯನ್ನು ಹಿಡಿದು ಏರೋಪ್ಲೇನ್ ಚಿಟ್ಟೆಗಳೂ ಸಮುದ್ರ ದಾಟುತ್ತವೆ. ಚಾಣಕ್ಕೆ ದಾರಿಯ ಬುತ್ತಿ ಪಕ್ಕದಲ್ಲೇ ಹಾರುತ್ತಿರುತ್ತದೆ ಎಂದು ತಜ್ಞರ ಊಹೆ.

ವಲಸೆ ಜೀವಿಗಳ ರಕ್ಷಣೆಗೆಂದು 1979ರಲ್ಲಿ ಬಾನ್‌ನಲ್ಲಿ ಆದ ಒಪ್ಪಂದಕ್ಕೆ ಭಾರತ 1983ರಿಂದ ಬದ್ಧ. ಅದರ ಹದಿಮೂರನೇ ಮಹಾಸಭೆ 2020ರ ಫೆಬ್ರವರಿಯಲ್ಲಿ ಗಾಂಧಿನಗರದಲ್ಲಿ ನಡೆಯಿತು. ಹಕ್ಕಿ ಯಾರೊಬ್ಬರದ್ದೂ ಅಲ್ಲ, ದಾರಿಯುದ್ದಕ್ಕೂ ಇರುವವರೆಲ್ಲರ ಹೊಣೆ ಎಂಬುದು ಒಪ್ಪಂದದ ತಿರುಳು. ಇದನ್ನು ಒಪ್ಪಿದರೆ ಪ್ರಸ್ತುತ ಪ್ರಬಂಧ ಬರೆಯುವ ಅಗತ್ಯವೇ ಇರಲಿಲ್ಲವಾದ್ದರಿಂದ ಪ್ರಬಂಧಕಾರರು ಒಪ್ಪಿಲ್ಲ. ಬದಲಿಗೆ ಜನವರಿಯಲ್ಲಿ ಶ್ರೀಲಂಕಾ, ಮೇ ತಿಂಗಳಲ್ಲಿ ಬಾಲ್ಟಿಕ್ ತೀರ, ನವೆಂಬರಿನಲ್ಲಿ ಅರಬ್ಬಿ ಸಮುದ್ರದ ಮೇಲಿನಿಂದ ಸೊಮಾಲಿಯ, ಹೀಗೆ ಮುಂದಿನ ಹಂತದ ಕ್ಷೇತ್ರಕಾರ್ಯಕ್ಕೆ ಪ್ರಯಾಣಭತ್ಯೆ ಕೋರಿ ಮನವಿ ಸಲ್ಲಿಸಿದ್ದಾರೆ. ಕಡತ ಲೆಕ್ಕಪತ್ರ ಶಾಖೆಯಿಂದ ಒಂದು ಷರಾದೊಂದಿಗೆ ಹಿಂತಿರುಗಿದೆ: ಅಮೂರ್ ಚಾಣ ಸಮುದ್ರದ ಮೇಲೆ ರಾತ್ರಿ ಎಲ್ಲಿ ತಂಗುತ್ತದೆ ಎಂಬುದನ್ನು ನಮೂದಿಸಿಲ್ಲ, ಎಲ್ಲೂ ತಂಗದೆ ಹಾರುವುದೇ ನಿಜವಾದರೆ ವಸತಿಭತ್ಯೆ ಮಂಜೂರು ಮಾಡಲು ನಿಯಮದಲ್ಲಿ ಅವಕಾಶವಿಲ್ಲ.